ಚಾವಣಿ ಸಾಮಗ್ರಿ ಮತ್ತು ಕಟ್ಟಡ ಪರವಾನಗಿ (ಕೊಳ್ಳೇಗಾಲ, ಹನೂರು, ಯಳಂದೂರು)

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಮನೆಯ ಚಾವಣಿಯನ್ನು ಬದಲಾಯಿಸಲು ಮನೆಯೊಡೆಯನು ಯಾರ ಅನುಮತಿ ಪಡೆಯಬೇಕೆಂಬುದು ಮನೆ ಇರುವ ಸ್ಥಳವನ್ನು ಅವಲಂಬಿಸಿದೆ. ಪಟ್ಟಣದಲ್ಲಿ ನಗರಸಭೆ ಅಥವಾ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಕಾಡಿನೊಳಗಿನ ಸೋಲಿಗರ ಪೋಡುಗಳಲ್ಲಿ ಗ್ರಾಮಸಭೆ ಮತ್ತು ಅರಣ್ಯ ಇಲಾಖೆ ಈ ವಿಷಯದಲ್ಲಿ ಸಂಬಂಧಪಡುತ್ತವೆ. ಹುಲ್ಲು, ನಾಡಹೆಂಚು, ಮಂಗಳೂರು ಹೆಂಚು, ತಗಡು, ಸಿಮೆಂಟ್ ಶೀಟು ಹಾಗೂ ಕಾಂಕ್ರೀಟು ಈ ಪ್ರದೇಶದಲ್ಲಿ ಕಂಡುಬರುವ ಚಾವಣಿ ಸಾಮಗ್ರಿಗಳು.

ಹಿನ್ನೆಲೆ

ಈ ಮೂರು ತಾಲ್ಲೂಕುಗಳು ಒಂದೇ ಆಡಳಿತದ ಕೆಳಗೆ ಬೆಳೆದವುಗಳಲ್ಲ. ಹನೂರು ಭಾಗವನ್ನೂ ಒಳಗೊಂಡಿದ್ದ ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಇವೆಲ್ಲವೂ ಅದಕ್ಕೆ ಸೇರಿದವು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಅನಂತರ.

ಚಾವಣಿಯ ಸಾಮಗ್ರಿಯನ್ನು ಕಾನೂನು ಗಮನಿಸತೊಡಗಿದ್ದು ಮುಖ್ಯವಾಗಿ ಬೆಂಕಿಯ ಭಯದಿಂದ. ಮದ್ರಾಸಿನ 1920ರ ಜಿಲ್ಲಾ ಪುರಸಭೆಗಳ ಕಾಯಿದೆಯು ಹುಲ್ಲು, ಎಲೆ, ಚಾಪೆ ಮುಂತಾದ ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ಪುರಸಭೆಯ ಅನುಮತಿಯಿಲ್ಲದೆ ಚಾವಣಿ ಹೊದಿಸುವುದನ್ನು ನಿರ್ಬಂಧಿಸಿತ್ತು. ಇಂಥ ನಿಯಮಗಳು ಭಾರತದ ಹಲವು ಪುರಸಭಾ ಕಾಯಿದೆಗಳಲ್ಲಿವೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹುಲ್ಲಿಗೆ ಬದಲಾಗಿ ಬೆಂಕಿಗೆ ಅಂಜದ ಹೊದಿಕೆ ಸುಲಭವಾಗಿ ದೊರೆಯತೊಡಗಿತು.

ಪಟ್ಟಣ ಮತ್ತು ಹಳ್ಳಿ

ಕೊಳ್ಳೇಗಾಲದಲ್ಲಿ ನಗರಸಭೆಯೂ ಹನೂರು ಮತ್ತು ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿಗಳೂ ಇವೆ. ಇವು ಕರ್ನಾಟಕ ಪುರಸಭೆಗಳ ಕಾಯಿದೆ, 1964ರ ಪ್ರಕಾರ ಕಟ್ಟಡ ಪರವಾನಗಿ ನೀಡುತ್ತವೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಗೆ ಈ ಅಧಿಕಾರವಿದೆ. ನಮೂನೆ 9 ಮತ್ತು 11ರಂಥ ಸ್ವತ್ತಿನ ದಾಖಲೆಗಳು ಸರಿಯಿಲ್ಲದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುವುದುಂಟು.

ಹಳೆಯ ಹೆಂಚನ್ನು ತೆಗೆದು ಹೊಸ ಹೆಂಚು ಹೊದಿಸುವುದು ದುರಸ್ತಿ; ಹೆಂಚಿನ ಮನೆಯ ಮೇಲೆ ಕಾಂಕ್ರೀಟು ಹಾಕಿ ಅಂತಸ್ತು ಏರಿಸುವುದು ಹೊಸ ನಿರ್ಮಾಣ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೆಂಚು ಮತ್ತು ಚಾವಣಿಯ ಮರುಹೊದಿಕೆಯನ್ನು ಪರವಾನಗಿ ಬೇಡದ ಕೆಲಸಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಸಂಹಿತೆ ಸಲಹಾರೂಪದ್ದು. ಸ್ಥಳೀಯ ಸಂಸ್ಥೆ ತನ್ನ ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟೇ ಅದು ಬಂಧಕ.

ಅಮೆರಿಕದ ನಗರಗಳಲ್ಲಿ ವಲಯ ನಿಯಮದಿಂದ ತೊಂದರೆಗೊಳಗಾದ ಮನೆಯೊಡೆಯನು ವಿನಾಯಿತಿ ಕೋರಿ ಮೇಲ್ಮನವಿ ಮಂಡಳಿಯ ಮುಂದೆ ಹೋಗಬಹುದು. ನ್ಯೂಯಾರ್ಕ್ ನಗರದ 1916ರ ವಲಯ ನಿರ್ಣಯದ ಕಾಲದಿಂದ ಈ ಪದ್ಧತಿ ಹರಡಿತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ ಅಡಿಯ ವಲಯ ನಿಯಮಗಳಲ್ಲಿಯೂ ‘ವಿಶೇಷ ಸಂದರ್ಭಗಳಲ್ಲಿ’ ಯೋಜನಾ ಪ್ರಾಧಿಕಾರವು ಅನುಮತಿಸಬಹುದಾದ ಬಳಕೆಗಳುಂಟು. ಅವು ಭೂಬಳಕೆಗೆ ಸಂಬಂಧಿಸಿದವು, ಚಾವಣಿಯ ಸಾಮಗ್ರಿಗಲ್ಲ.

ಪೋಡುಗಳ ಮನೆಗಳು

ನಿಜವಾದ ತೊಡಕು ಇರುವುದು ಬೆಟ್ಟದ ಮೇಲೆ. ಸೋಲಿಗರ ಸಾಂಪ್ರದಾಯಿಕ ಮನೆ ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ ಕಾಡುಹುಲ್ಲು ಹೊದಿಸಿದ್ದು. ಹುಲ್ಲು ಕೊಳೆಯುತ್ತದೆ; ಆಗಾಗ್ಗೆ ಹೊಸದಾಗಿ ಹೊದಿಸದಿದ್ದರೆ ಮಳೆಗಾಲದಲ್ಲಿ ಮನೆ ಸೋರುತ್ತದೆ. ಪಟ್ಟಣದಲ್ಲಿ ಹುಲ್ಲು ಹೊದಿಸಲು ಅನುಮತಿ ಬೇಕಾಗಿದ್ದರೆ, ಇಲ್ಲಿ ಹುಲ್ಲು ತೆಗೆದು ಬೇರೆಯದನ್ನು ಹೊದಿಸಲು ಒಪ್ಪಿಗೆ ಅರಸಬೇಕಾಗಿದೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡನ್ನು 1974ರಲ್ಲಿ ವನ್ಯಜೀವಿಧಾಮವೆಂದೂ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿಸಲಾಯಿತು. ಹನೂರು ಭಾಗದ ಮಲೆಮಹದೇಶ್ವರ ವನ್ಯಜೀವಿಧಾಮ 2013ರದು. ಹೊಸಪೋಡು, ಯರಕನಗದ್ದೆ ಮುಂತಾದ ಪೋಡುಗಳ ಜನ ಹೀಗೆ ಸಂರಕ್ಷಿತ ಕಾಡಿನ ನಿವಾಸಿಗಳಾದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೆಯ ಪ್ರಕರಣ, 2002ರ ತಿದ್ದುಪಡಿಯಂತೆ, ಧಾಮದಿಂದ ತೆಗೆದ ಅರಣ್ಯೋತ್ಪನ್ನವನ್ನು ನಿವಾಸಿಗಳ ಸ್ವಂತ ಅಗತ್ಯಕ್ಕೆ ಬಳಸಲು ಅವಕಾಶವಿತ್ತು ಮಾರಾಟವನ್ನು ನಿಷೇಧಿಸುತ್ತದೆ. ಸ್ವಂತ ಮನೆಗೆ ಹೊದಿಸುವ ಹುಲ್ಲು ಈ ಅವಕಾಶದೊಳಗೆ ಬರುತ್ತದೆ. ಇಟ್ಟಿಗೆ, ಸಿಮೆಂಟು, ಕಬ್ಬಿಣಗಳನ್ನು ಬೆಟ್ಟಕ್ಕೆ ಸಾಗಿಸುವುದಾದರೋ ಇಲಾಖೆಯ ಸಮ್ಮತಿಯಿಲ್ಲದೆ ಕಷ್ಟ.

2006ರ ಅರಣ್ಯ ಹಕ್ಕುಗಳ ಕಾಯಿದೆಯು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅನುಭವದಲ್ಲಿರುವ ಅರಣ್ಯಭೂಮಿಯಲ್ಲಿ ವಾಸಿಸುವ ಮತ್ತು ಸ್ವಂತಕ್ಕೆ ಸಾಗುವಳಿ ಮಾಡುವ ಹಕ್ಕನ್ನು ನಾಲ್ಕು ಹೆಕ್ಟೇರ್ ಮಿತಿಯಲ್ಲಿ ಬುಡಕಟ್ಟು ಕುಟುಂಬಗಳಿಗೆ ಮಾನ್ಯ ಮಾಡಿತು. ಹಕ್ಕುಪತ್ರ ದಂಪತಿಗಳ ಹೆಸರಿನಲ್ಲಿ ಜಂಟಿಯಾಗಿರುತ್ತದೆ; ಅದು ವಂಶಪಾರಂಪರ್ಯವಾಗಿ ಬರುತ್ತದೆ, ಮಾರುವಂತಿಲ್ಲ. 2011ರ ಅಕ್ಟೋಬರ್‌ನಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಆದರೆ ವಾಸದ ಹಕ್ಕು ಎಂದರೆ ಎಂಥ ಮನೆ ಎಂಬುದನ್ನು ಕಾಯಿದೆ ಹೇಳುವುದಿಲ್ಲ. ಅದರಲ್ಲಿ ಚಾವಣಿಯ ಮಾತೇ ಇಲ್ಲ. ಕಾಯಿದೆಯ 3(2)ನೆಯ ಪ್ರಕರಣ ಕಾಡಿನಲ್ಲಿ ಶಾಲೆ, ಅಂಗನವಾಡಿ, ಕೆರೆ ಮೊದಲಾದ 13 ಸೌಕರ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಆ ಪಟ್ಟಿಯಲ್ಲಿ ಖಾಸಗಿ ಮನೆ ಸೇರಿಲ್ಲ. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಹಕ್ಕು ಪಡೆದವರಿಗೆ ಸರ್ಕಾರಿ ಯೋಜನೆಗಳ ಪ್ರಯೋಜನ ಒದಗಿಸಬೇಕೆನ್ನುತ್ತವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಪಕ್ಕಾ ಮನೆಗೇ ನೆರವು ಕೊಡುತ್ತದೆ. ಹೀಗಾಗಿ ಒಂದು ಇಲಾಖೆ ಪಕ್ಕಾ ಚಾವಣಿಗೆ ಹಣ ಕೊಡಲು ಸಿದ್ಧವಿದ್ದರೂ ಇನ್ನೊಂದರ ಒಪ್ಪಿಗೆಗಾಗಿ ಕಾಯಬೇಕಾದ ಸ್ಥಿತಿ ಒದಗುತ್ತದೆ.

ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಗೆ ಹೋಗುತ್ತದೆ. ಅದರ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೂ, ಆ ಸಮಿತಿಯ ತೀರ್ಮಾನದಿಂದ ಬಾಧಿತರಾದವರು ಮತ್ತೆ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೂ ಮನವಿ ಸಲ್ಲಿಸಬಹುದು. ಪರಿಶೀಲನೆ ಮುಗಿಯುವವರೆಗೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ.