ಮರಗೆಲಸದಲ್ಲಿ ಹೊಸಬನ ಸ್ಥಾನ: ಕರ್ನಾಟಕದ ಕಸುಬುಗಳ ಚರಿತ್ರೆಯಲ್ಲೊಂದು ವಿಚಾರ

ಕರ್ನಾಟಕದ ಶಿಲ್ಪ ಮತ್ತು ಕರಕೌಶಲಗಳ ಚರಿತ್ರೆಯನ್ನು ಕುರಿತು ಈವರೆಗೆ ಬಂದಿರುವ ಬರಹಗಳು ಬಹುಮಟ್ಟಿಗೆ ಸಿದ್ಧಹಸ್ತರ ಚರಿತ್ರೆಗಳಾಗಿವೆ. ದೇವಾಲಯವನ್ನು ಯಾರು ಕಟ್ಟಿಸಿದರು, ಯಾರು ಕಡೆದರು, ಯಾವ ಅರಸನ ಕಾಲದಲ್ಲಿ ಯಾವ ಶೈಲಿಯು ತಲೆಯೆತ್ತಿತು ಎಂಬ ಪ್ರಶ್ನೆಗಳಿಗೆ ನಮ್ಮ ವಿದ್ವಾಂಸರು ಶ್ರಮಪಟ್ಟು ಉತ್ತರಗಳನ್ನು ಕಂಡುಕೊಂಡಿದ್ದಾರೆ. ಆದರೆ ಇನ್ನೂ ಕೈ ತಿರುಗದ ಹೊಸಬನು ಕಸುಬಿನ ಒಳಕ್ಕೆ ಹೇಗೆ ಬಂದನು, ಮೊದಲ ದಿನ ಅವನ ಕೈಗೆ ಏನನ್ನು ಕೊಟ್ಟರು, ಅವನು ಕೆಡಿಸಿದ ಸಾಮಗ್ರಿಯ ನಷ್ಟವನ್ನು ಯಾರು ಹೊತ್ತರು ಎಂದು ಕೇಳಿದವರು ವಿರಳ. ಈ ಲೇಖನದಲ್ಲಿ ಆ ಕಡೆಯ ಪ್ರಶ್ನೆಯನ್ನೇ ಮುಖ್ಯವಾಗಿ ಹಿಡಿದು ವಿಚಾರಮಾಡಬೇಕೆಂದಿದ್ದೇವೆ. ಕಸುಬು ತನ್ನ ನಷ್ಟದ ಲೆಕ್ಕವನ್ನು ಹೇಗೆ ಬಗೆಹರಿಸಿಕೊಂಡಿತೆಂಬುದರ ಮೇಲೆಯೇ ಹೊಸಬರಿಗೆ ಅದರ ಬಾಗಿಲು ತೆರೆಯಿತೋ ಮುಚ್ಚಿತೋ ಎಂಬುದು ನಿಂತಿದೆಯೆಂದು ನಮ್ಮ ಅಭಿಪ್ರಾಯ.

ಪ್ರಶ್ನೆಯು ನಮಗೆ ಗ್ರಂಥಗಳಿಂದ ದೊರೆತುದಲ್ಲ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು, ಒಕ್ಕಲುತನದ ಮನೆಯವನು, ತಂತಿಗರಗಸವೊಂದನ್ನೂ ತೆಳುಹಲಗೆಯ ಕೆಲವು ತುಂಡುಗಳನ್ನೂ ಕೊಂಡು ಊರ ಬಡಿಗನ ಬಳಿಗೆ ಕೆಲಸ ಕಲಿಯಲು ಹೋದನಂತೆ. ಬಡಿಗನು ಬಾ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಎಲೆ ಮುರಿದರೆ, ಹಲಗೆ ಕೆಟ್ಟರೆ ಲೆಕ್ಕ ಯಾರದು?" ಎಂದಷ್ಟೇ ಕೇಳಿದನಂತೆ. ಮರುವಾರ ಆಯಗಾರರ ಪದ್ಧತಿಯನ್ನು ಕುರಿತು ಪಾಠ ನಡೆದಿದ್ದಾಗ ಆ ಹುಡುಗನು ಎದ್ದುನಿಂತು, ಬಡಿಗೇರ ಮನೆತನದಲ್ಲಿ ಹುಟ್ಟದವನು ಈ ಕೆಲಸವನ್ನು ಕಲಿಯುವುದು ಯಾವಾಗಿನಿಂದ ಸಾಧ್ಯವಾಯಿತೆಂದು ಕೇಳಿದನು. ನಾವು ಹೇಳಿದ ಉತ್ತರವು ಅವನಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ.

ತಂತಿಗರಗಸವೆಂದರೆ ಫ್ರೆಟ್‌ಸಾ ಎಂದು ಪೇಟೆಯಲ್ಲಿ ಕರೆಯುವ ಸಣ್ಣ ಉಪಕರಣ. ಕಮಾನಿನಂಥ ಚೌಕಟ್ಟಿನ ಎರಡು ತುದಿಗಳ ನಡುವೆ ನೂಲಿನಷ್ಟು ಸಪುರವಾದ ಹಲ್ಲಿನ ಎಲೆಯನ್ನು ಬಿಗಿದಿರುತ್ತಾರೆ. ಹಲಗೆಯ ಒಳಭಾಗವನ್ನು ಕೊರೆದು ತೆಗೆಯಬೇಕಾದಲ್ಲಿ ಮೊದಲು ಬೈರಿಗೆಯಿಂದ ರಂಧ್ರ ಮಾಡಿ, ಎಲೆಯ ಒಂದು ತುದಿಯನ್ನು ಕಳಚಿ ಅದರೊಳಗೆ ಪೋಣಿಸಿ, ಮತ್ತೆ ಬಿಗಿದು, ಗೆರೆಯನ್ನು ಅನುಸರಿಸಿ ಕೊರೆಯಬೇಕು. ತಿರುವಿನಲ್ಲಿ ಗರಗಸವನ್ನು ತಿರುಗಿಸದೆ ಹಲಗೆಯನ್ನೇ ತಿರುಗಿಸುವುದು ಇದರ ಮರ್ಮ. ನಾವೂ ಒಂದು ಸಂಜೆ ಕೈಯಿಟ್ಟು ನೋಡಿದೆವು. ಒಂದು ಮಾವಿನೆಲೆಯ ಆಕಾರ ಮುಗಿಯುವಷ್ಟರಲ್ಲಿ ಮೂರು ಎಲೆಗಳು ಮುರಿದವು. ಬಡಿಗನ ಪ್ರಶ್ನೆಯಲ್ಲಿ ನಿಷ್ಠುರತೆಗಿಂತ ಅನುಭವವೇ ಹೆಚ್ಚಾಗಿತ್ತೆಂಬುದು ಅಂದು ನಮಗೆ ಮನವರಿಕೆಯಾಯಿತು.

ಕೊರೆದು ಬೆಳಕು ಹಾಯಿಸುವ ಈ ಬಗೆಯ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ದೇಗುಲಗಳಲ್ಲಿ ಒಳಬಾಗಿಲಿನ ಇಕ್ಕೆಲಗಳಲ್ಲಿರುವ ಜಾಲಂಧ್ರಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದ ಜಾಲಂಧ್ರಗಳಲ್ಲಿ ಕೆಲವು ಆಸ್ಥಾನದ ಮತ್ತು ಪುರಾಣದ ದೃಶ್ಯಗಳನ್ನು ತಾಳಿವೆ. ಉಳಿದವು ನಕ್ಷತ್ರಾಕಾರದ ರಂಧ್ರಗಳ ಮತ್ತು ಬಳ್ಳಿಗಳ ಆವೃತ್ತಿ ಮಾತ್ರ. ಹೀಗೆ ಮತ್ತೆ ಮತ್ತೆ ಬರುವ ಆಕೃತಿಯು ಕಲಿಯುವವನ ಕೈಗೆ ಒಪ್ಪಿಸಲು ಅನುಕೂಲವಾದುದು. ಒಂದು ರಂಧ್ರದಲ್ಲಿ ಕೈ ತಪ್ಪಿದರೂ ನೂರರ ನಡುವೆ ಅದು ಕಣ್ಣಿಗೆ ಬೀಳದು. ಇದನ್ನು ಊಹೆಯೆಂದೇ ಹೇಳುತ್ತಿದ್ದೇವೆ, ಶಾಸನವು ಹೇಳುವ ಮಾತಲ್ಲ.

ಶಾಸನವು ಹೇಳುವ ಮಾತು ಬೇರೊಂದಿದೆ. ಹಿರೇಕೆರೂರಿನ ಗಡಿಯನ್ನು ದಾಟಿದರೆ ಶಿಕಾರಿಪುರ ತಾಲೂಕಿನ ಬಳ್ಳಿಗಾವೆ ದೂರವಿಲ್ಲ. ಆ ಊರಿನ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ಕೆಲಸಮಾಡಿ, ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರುಗಳನ್ನು ಕೆತ್ತಿದ್ದಾರೆ. ಮಗನ ಕೆಲಸವು ತಂದೆಯ ಹೆಸರಿನಲ್ಲಿ ಅಡಗಿಹೋಗಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಮಲ್ಲಿತಮ್ಮನ ವಿಷಯವೂ ಹೀಗೆಯೇ. ತರೀಕೆರೆ ತಾಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಭುವನೇಶ್ವರಿಗಳಲ್ಲಿ ಅವನ ವೃತ್ತಿಯು ಆರಂಭವಾಯಿತೆಂದು ವಿದ್ವಾಂಸರು ಹೇಳುತ್ತಾರೆ. 13ನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲಿಯೂ ಅದೇ ಹೆಸರು ಕಾಣುತ್ತದೆ. ಅಷ್ಟು ದೀರ್ಘಕಾಲ ಒಬ್ಬನೇ ದುಡಿದನೆಂದು ಒಪ್ಪಲು ನಮಗೆ ಸ್ವಲ್ಪ ಸಂಕೋಚವಿದೆ. ಒಪ್ಪುವುದಾದರೆ, ಇನ್ನೂ ತರುಣನಾಗಿದ್ದವನಿಗೆ ಛಾವಣಿಯ ಕೆಲಸದಲ್ಲಿ ಹೆಸರು ಹಾಕುವ ಅವಕಾಶವನ್ನು ಹಿರಿಯರು ಕೊಟ್ಟರೆಂದಾಗುತ್ತದೆ. ಪ್ರತಿಸ್ಪರ್ಧಿಗಳನ್ನು ಹಳಿಯುವ ಬಿರುದುಗಳನ್ನು ಹೊತ್ತುಕೊಂಡು ಮೆರೆಯುತ್ತಿದ್ದ ರೂವಾರಿಗಳ ಲೋಕದಲ್ಲಿ ಇದು ಸಣ್ಣ ಔದಾರ್ಯವೇನೂ ಅಲ್ಲ.

ಆದರೆ ದಾಸೋಜನು ಕರೆದುಕೊಂಡುಹೋದದ್ದು ತನ್ನ ಮಗನನ್ನು. ನಮ್ಮ ವಿದ್ಯಾರ್ಥಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಳ್ಳಿಯ ಬಡಿಗನ ವಿಚಾರಕ್ಕೆ ಬರೋಣ. 1997ರಲ್ಲಿ ಹಾವೇರಿ ಜಿಲ್ಲೆಯು ರಚಿತವಾಗುವವರೆಗೆ ಈ ಭಾಗವು ಧಾರವಾಡ ಜಿಲ್ಲೆಗೆ ಸೇರಿತ್ತು. 1884ರಲ್ಲಿ ಮುಂಬಯಿ ಸರಕಾರವು ಪ್ರಕಟಿಸಿದ ಧಾರವಾಡದ ಗ್ಯಾಸೆಟಿಯರಿನಲ್ಲಿ ಕುಶಲಕರ್ಮಿಗಳನ್ನು ಜಾತಿಗಳ ಅನುಕ್ರಮದಲ್ಲಿ ವರ್ಣಿಸಲಾಗಿದೆ. ಅಧಿಕಾರಿಗಳ ಕಣ್ಣಿಗೆ ಕಸುಬೂ ಕುಲವೂ ಒಂದೇ ಆಗಿದ್ದವು. ಊರವರ ಕಣ್ಣಿಗೂ ಬಹುಶಃ ಹಾಗೆಯೇ. ಬಡಿಗನು ಒಕ್ಕಲಿಗರಿಗೆ ನೇಗಿಲು, ಕುಂಟೆ, ಕೂರಿಗೆ, ಬಂಡಿಗಳನ್ನು ಮಾಡಿಕೊಟ್ಟು ರಿಪೇರಿಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯರೂಪದ ಆಯವನ್ನು ಪಡೆಯುತ್ತಿದ್ದನು. ಈ ವ್ಯವಸ್ಥೆಯನ್ನು ನಷ್ಟದ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕೂಲಿಯು ಒಂದೊಂದು ವಸ್ತುವಿಗೆ ಅಲ್ಲ, ಇಡೀ ವರ್ಷದ ಸೇವೆಗೆ. ಮರವು ಬಹುಮಟ್ಟಿಗೆ ಒಕ್ಕಲಿಗನದು. ಆದುದರಿಂದ ಮನೆಯ ಹುಡುಗನು ಗೂಟವನ್ನು ಓರೆಯಾಗಿ ಕೆತ್ತಿದರೆ ಆ ವರ್ಷದ ಆಯವೇನೂ ಕಡಿಮೆಯಾಗುತ್ತಿರಲಿಲ್ಲ. ಓರೆಯಾದ ಗೂಟವು ದನದ ಹಕ್ಕೆಗೆ ಸಲ್ಲುತ್ತಿತ್ತು. ಕಲಿಯುವವನಿಗೆ ಇಷ್ಟು ಅನುಕೂಲವಾದ ವ್ಯವಸ್ಥೆಯು ಮನೆಯ ಹೊರಗಿನವನಿಗೆ ಮಾತ್ರ ಪೂರ್ತಿಯಾಗಿ ಮುಚ್ಚಿತ್ತು, ಏಕೆಂದರೆ ಆಯವು ಮನೆತನದ ಹಕ್ಕು. ಹೊರಗಿನವನಿಗೆ ಕೆಲಸ ಹೇಳಿಕೊಡುವುದೆಂದರೆ ಹಕ್ಕಿನಲ್ಲಿ ಪಾಲು ಕೊಟ್ಟಂತೆ.

ಹಾನಗಲ್ಲಿನಿಂದ ದಕ್ಷಿಣಕ್ಕೆ ಹೋದರೆ ಸೊರಬ, ಸಾಗರಗಳು ಸಿಗುತ್ತವೆ. ಅಲ್ಲಿಯ ಗುಡಿಗಾರರು ಗಂಧದ ಕೆತ್ತನೆಗೆ ಪ್ರಸಿದ್ಧರು. ಅದೇ ಕೈಗಳು ಮದುವೆಯ ಬಾಸಿಂಗಗಳನ್ನು ಬೆಂಡಿನಿಂದ ಮಾಡುತ್ತಿದ್ದುದು ಅಷ್ಟೊಂದು ಪ್ರಸಿದ್ಧವಲ್ಲ. ಗಂಧದ ಕೊರಡು ತೂಕಕ್ಕೆ ಬೆಲೆ ಕಟ್ಟಿದ ಸರಕಾರಿ ಸೊತ್ತು. ಬೆಂಡಾದರೋ ಕೆರೆಯಂಚಿನ ಗಿಡದ ತಿರುಳು, ಹಗುರ, ಮೃದು, ಅಗ್ಗ. ಇಂಥ ಎರಡು ಸಾಮಗ್ರಿಗಳು ಒಂದೇ ಮನೆಯಲ್ಲಿದ್ದಾಗ ಹೊಸ ಕೈಗೆ ಯಾವುದು ಸಿಕ್ಕಿತೆಂದು ಬೇರೆ ಹೇಳಬೇಕಾಗಿಲ್ಲ. (ಬೆಂಡಿನ ಮಾತು ಬಂದಾಗ ನಮ್ಮ ವಿದ್ಯಾರ್ಥಿಯು ತನ್ನ ಊರಿನ ಹೆಸರನ್ನು ನೆನೆದು ನಕ್ಕನು. ಧ್ವನಿಸಾಮ್ಯವನ್ನು ನಂಬಿ ಸ್ಥಳನಾಮಗಳನ್ನು ಬಿಡಿಸುವ ಸಾಹಸಕ್ಕೆ ನಾವು ಇಳಿಯಲಾರೆವು.)

ತಂತಿಗರಗಸವು ಕರ್ನಾಟಕದಲ್ಲಿ ಒಂದು ಕಸುಬಿನ ಮುಖ್ಯ ಆಯುಧವಾಗಿ ಬೆಳೆದದ್ದು ಮೈಸೂರಿನ ಬೀಟೆಮರದ ಒಳಕೂಡಿಕೆ ಕೆಲಸದಲ್ಲಿ. ಕಾಗದದ ಮೇಲೆ ಬರೆದ ಚಿತ್ರವನ್ನು ಬೇರೆಬೇರೆ ಬಣ್ಣಗಳ ಮರದ ತೆಳುಹಾಳೆಗಳಿಗೆ ಅಂಟಿಸಿ, ತಂತಿಗರಗಸದಿಂದ ತುಂಡುತುಂಡಾಗಿ ಕೊರೆದು, ಬೀಟೆಯ ಹಲಗೆಯ ಮೇಲೆ ಜೋಡಿಸಿ, ಸುತ್ತುಗೆರೆ ಗೀಚಿ, ಆ ಗೆರೆಯೊಳಗನ್ನು ಉಳಿಯಿಂದ ತೋಡಿ, ತುಂಡುಗಳನ್ನು ಅಂಟಿಸಿ ಕೂಡಿಸುವುದು ಅದರ ಕ್ರಮ. ಆಮೇಲೆ ಉಜ್ಜುವುದು, ಮೆರುಗು ಕೊಡುವುದು. ಹಳದಿಗೆ ಹಲಸು, ಕಪ್ಪಿಗೆ ಕರಿಮರ ಎಂದು ಮರದ ಸಹಜವರ್ಣವನ್ನೇ ಬಳಸುತ್ತಾರೆ. ಚಿತ್ರ ಬರೆಯುವವನು, ಕೊರೆಯುವವನು, ಕೂಡಿಸುವವನು, ಮೆರುಗು ಕೊಡುವವನು ಬೇರೆಬೇರೆಯಾಗಿರುವುದು ಸಾಮಾನ್ಯ. ಈ ವಿಭಜನೆಯಿಂದ ಹೊಸಬನಿಗೆ ಒಳಬರಲು ಒಂದಕ್ಕೆ ನಾಲ್ಕು ಬಾಗಿಲುಗಳಾದವು: ಚಿತ್ರ ಬಾರದವನು ಉಜ್ಜಬಹುದು, ಉಜ್ಜುತ್ತ ಕುಳಿತವನು ಕೊರೆಯುವವನ ಕೈಯನ್ನು ದಿನವೆಲ್ಲ ನೋಡಬಹುದು.

1897ರಲ್ಲಿ ಮೈಸೂರಿನ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಗಿ, 1912ರಲ್ಲಿ ಹೊಸ ಅರಮನೆಯು ಪೂರ್ಣವಾದಾಗ ದಂತದ ಕೂಡಿಕೆಯುಳ್ಳ ಬೀಟೆಯ ಬಾಗಿಲುಗಳು ಅದರ ಭೂಷಣಗಳಾದವು. ಅದೇ ದಿನಗಳಲ್ಲಿ, 1906ರಲ್ಲಿ ವೇಲ್ಸ್ ರಾಜಕುಮಾರನು ಅಸ್ತಿಭಾರವನ್ನಿಟ್ಟ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡವು 1913ರಲ್ಲಿ ಮುಗಿಯಿತು. ನಮ್ಮ ವಿಚಾರಕ್ಕೆ ಅರಮನೆಗಿಂತ ಈ ಶಾಲೆಯೇ ಹೆಚ್ಚಿನದು. ಕಸುಬನ್ನು ಮನೆಯ ಪಡಸಾಲೆಯಿಂದ ತೆಗೆದು ತರಗತಿಯಲ್ಲಿಟ್ಟಾಗ ಹುಟ್ಟಿನ ಪ್ರಶ್ನೆಯು ತತ್ತ್ವತಃ ಹಿಂದಕ್ಕೆ ಸರಿಯಿತು. ಕೆಟ್ಟ ಹಲಗೆಯ ಲೆಕ್ಕವು ಸಂಸ್ಥಾನದ ಬೊಕ್ಕಸಕ್ಕೆ ಸೇರಿತು. ನಮ್ಮ ವಿದ್ಯಾರ್ಥಿಗೆ ಒಂದು ಇಸವಿಯನ್ನು ಹೇಳಲೇಬೇಕಾದರೆ ನಾವು ಇದರ ಸುತ್ತಮುತ್ತಲಿನ ವರ್ಷಗಳನ್ನು ಹೇಳುವೆವು.

ಆದರೆ ದಂತವಿರುವವರೆಗೆ ಅಡ್ಡಿಯೊಂದು ಇದ್ದೇ ಇತ್ತು. ದಂತದ ಚೂರನ್ನು ಹೊಸಬನ ಗರಗಸಕ್ಕೆ ಯಾರು ಕೊಟ್ಟಾರು? 1986ರ ಕಾಯಿದೆಯ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾದವು. ಕಸುಬುದಾರರು ಪ್ಲಾಸ್ಟಿಕ್ಕಿಗೂ ಬಿಳಿಯ ಮರಕ್ಕೂ ತಿರುಗಿದರು. ಕಲಾಪ್ರಿಯರು ಇದನ್ನು ಅವನತಿಯೆಂದು ವ್ಯಸನಪಡುವುದುಂಟು. ಬೆಲೆಯ ಮಾತಿನಲ್ಲಿ ಅವರದು ಸರಿಯಿರಬಹುದು. ಕಲಿಯುವವನ ಕಡೆಯಿಂದ ನೋಡಿದರೆ, ಬಿಳಿಯ ಹೂವನ್ನು ಕೊರೆಯುವಾಗ ಕೈ ನಡುಗುವ ಕಾರಣವೊಂದು ಅಂದಿಗೆ ಇಲ್ಲವಾಯಿತು. ಆನೆಗಳಿಗಾದ ಉಪಕಾರವು ಬೇರೆಯೇ ವಿಷಯ.

ಹೊರದೇಶಗಳ ಎರಡು ಉದಾಹರಣೆಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಇಂಗ್ಲೆಂಡಿನಲ್ಲಿ 1895ರಲ್ಲಿ ಆರಂಭವಾದ ಹಾಬೀಸ್ ಎಂಬ ವಾರಪತ್ರಿಕೆಯು ತಂತಿಗರಗಸದ ಕೆಲಸಕ್ಕೆ ಬೇಕಾದ ನಕ್ಷೆಯ ಹಾಳೆಯನ್ನು ಸಂಚಿಕೆಯ ಜೊತೆಯಲ್ಲಿ ಉಚಿತವಾಗಿ ಕೊಡುತ್ತ ಬಂದಿತು. ಗುರುವಿಲ್ಲದ ಹುಡುಗನಿಗೂ ಕೊರೆಯಬೇಕಾದ ಗೆರೆ ಸಿಕ್ಕಿತು; ಹಲಗೆಯನ್ನೂ ಎಲೆಯನ್ನೂ ಆ ಸಂಸ್ಥೆಯೇ ಮಾರುತ್ತಿದ್ದುದರಿಂದ, ಎಲೆಗಳು ಮುರಿದಷ್ಟೂ ಅದಕ್ಕೆ ಲಾಭವೇ ಎಂಬುದನ್ನೂ ಮರೆಯಬಾರದು. ಸ್ವೀಡನ್ನಿನ ನೇಸ್ ಎಂಬಲ್ಲಿ ಓಟೊ ಸಾಲೊಮನ್ನನು 1870ರ ದಶಕದಿಂದ ನಡೆಸಿದ ಸ್ಲಾಯ್ಡ್ ಶಿಕ್ಷಣವು ಇದಕ್ಕಿಂತ ಗಂಭೀರವಾದುದು. ಸುಲಭವಾದ ವಸ್ತುವಿನಿಂದ ಕಠಿನವಾದುದಕ್ಕೆ ಕ್ರಮವಾಗಿ ಏರುವುದು, ಪ್ರತಿ ವಸ್ತುವೂ ಮನೆಗೆ ಉಪಯುಕ್ತವಾಗಿರುವುದು, ಶಿಷ್ಯನ ಕೆಲಸಕ್ಕೆ ಶಿಕ್ಷಕನು ಕೈ ಹಾಕದಿರುವುದು, ಇವು ಅದರ ನಿಯಮಗಳು. ಕಡೆಯ ನಿಯಮವು ನಮ್ಮ ಅನೇಕ ಅಧ್ಯಾಪಕರಿಗೆ, ನಮ್ಮನ್ನೂ ಸೇರಿಸಿ, ಪಾಲಿಸಲು ಕಷ್ಟವಾದುದು.

ಸ್ವದೇಶದಲ್ಲಿ ಕಸುಬನ್ನು ಎಲ್ಲ ಮಕ್ಕಳಿಗೂ ತೆರೆಯುವ ಮಹಾಪ್ರಯತ್ನ ನಡೆದದ್ದು 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ವರ್ಧಾದಲ್ಲಿ ಕರೆದ ಶಿಕ್ಷಣ ಪರಿಷತ್ತಿನ ತರುವಾಯ. ಡಾ. ಜಾಕೀರ್ ಹುಸೇನರ ಅಧ್ಯಕ್ಷತೆಯ ಸಮಿತಿಯು ಮೂಲೋದ್ಯೋಗಗಳಲ್ಲಿ ಮರಗೆಲಸವನ್ನೂ ಎಣಿಸಿತು. ಬಡಿಗನ ಮಗನೂ ಒಕ್ಕಲಿಗನ ಮಗನೂ ಒಂದೇ ಹಲಗೆಯ ಮುಂದೆ ಕೂಡುವ ಕಲ್ಪನೆಯು ಉದಾತ್ತವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಶಿಕ್ಷಕನ ವೇತನವು ಹುಟ್ಟಬೇಕೆಂಬ ಆಶಯವೂ ಅದರೊಡನೆ ಇತ್ತು. ಶಾಲೆಗಳು ವೃತ್ತಿನಿರತ ಕುಶಲಕರ್ಮಿಗಳ ಹೊಟ್ಟೆಯ ಮೇಲೆ ಹೊಡೆದಾವೆಂದು ಕೆ. ಟಿ. ಷಾ ಅವರು ಪರಿಷತ್ತಿನಲ್ಲೇ ಆಕ್ಷೇಪಿಸಿದರು. ನಮ್ಮ ಆಕ್ಷೇಪವು ಬೇರೆ ತೆರನಾದುದು. ಮಗುವಿನ ಮೊದಲ ಮಣೆಯು ಸಂತೆಯಲ್ಲಿ ಮಾರಾಟವಾಗಲೇಬೇಕಾದರೆ ಕೆಟ್ಟ ಮಣೆಗೆ ಸ್ಥಳವೆಲ್ಲಿ? ನಷ್ಟವನ್ನು ಮನೆತನದಿಂದ ತೆಗೆದು ಬೊಕ್ಕಸಕ್ಕೆ ಹಾಕಿದ್ದ ಹೊರೆಯನ್ನು ಈ ಯೋಜನೆಯು ಹೊಸಬನ ತಲೆಯ ಮೇಲೆಯೇ ಇಟ್ಟಿತು. ಮೂಲಶಿಕ್ಷಣವು ನಮ್ಮಲ್ಲಿ ಬೇರೂರದಿದ್ದುದಕ್ಕೆ ಆಡಳಿತದ ಅನಾಸ್ಥೆ, ಪೋಷಕರ ಪರೀಕ್ಷಾಮೋಹ ಮೊದಲಾದ ಕಾರಣಗಳನ್ನು ಹೇಳುವುದು ವಾಡಿಕೆ. ಇದನ್ನೂ ಅವುಗಳ ಜೊತೆಗೆ ಸೇರಿಸಬೇಕೆಂದು ನಮಗೆ ತೋರುತ್ತದೆ.

ಈಗ ಆಯವು ಬಹುತೇಕ ನಿಂತುಹೋಗಿದೆ. ಕೂರಿಗೆಯ ಸ್ಥಳದಲ್ಲಿ ಟ್ರ್ಯಾಕ್ಟರು ಬಂದಿದೆ. ಶಿಗ್ಗಾಂವಿಯ ಸಮೀಪದ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಬಡಿಗ, ಕಮ್ಮಾರ, ಕುಂಬಾರರು ಶಿಲ್ಪಗಳಾಗಿ ನಿಂತಿದ್ದಾರೆ. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಹಕ್ಕಿನ ಹಂಗು ಹರಿದುಹೋದುದರಿಂದ ಹೊರಗಿನವನಿಗೆ ಕಲಿಸಲು ಬಡಿಗನಿಗಿದ್ದ ಹಳೆಯ ಅಡ್ಡಿ ಇಲ್ಲವಾಗಿದೆ. ಆದರೆ ವರ್ಷದ ಧಾನ್ಯವೂ ಅದರ ಜೊತೆಯಲ್ಲಿಯೇ ಹೋಯಿತು. ಓರೆಯಾದ ಗೂಟವನ್ನು ತಾಳಿಕೊಳ್ಳುತ್ತಿದ್ದುದು ಆ ಧಾನ್ಯವೇ. "ಲೆಕ್ಕ ಯಾರದು" ಎಂಬ ಮಾತು ಇಂದಿನ ಬಡಿಗನ ಬಾಯಿಯಲ್ಲಿ ಹುಟ್ಟಿದ್ದು ಇದರಿಂದಲೇ.

ಹಿರೇಬೆಂಡಿಗೇರಿಯ ಹುಡುಗನ ವಿಷಯವು ಬಗೆಹರಿದ ರೀತಿಯನ್ನೂ ಹೇಳಿಬಿಡುತ್ತೇವೆ. ಎಲೆಗಳನ್ನು ಅವನೇ ತರಬೇಕು, ಹಲಗೆಗೆ ಮಾತ್ರ ಬಡಿಗನು ಬಾಗಿಲು ಕೆಲಸದಲ್ಲಿ ಉಳಿದ ತುಂಡುಗಳನ್ನು ಕೊಡಬೇಕು, ಒಳ್ಳೆಯದಾದುದು ಹುಡುಗನಿಗೆ, ಕೆಟ್ಟದ್ದು ಒಲೆಗೆ ಎಂದು ಅವರಿಬ್ಬರೂ ತಮ್ಮೊಳಗೆ ಗೊತ್ತುಮಾಡಿಕೊಂಡರು. ಮುಂದೆ ನಾವು ಆ ಊರಿಗೆ ಹೋದಾಗ ಅವನು ನಮ್ಮನ್ನು ಹಳೆಯ ಮನೆಯೊಂದರ ಬಾಗಿಲುವಾಡದ ಮುಂದೆ ನಿಲ್ಲಿಸಿದನು. ಬಲಗಡೆಯ ನಿಲುವುಪಟ್ಟಿಯಲ್ಲಿ ಬಳ್ಳಿಯ ಎಲೆಗಳು ಅಳೆದಿಟ್ಟಂತೆ ಸಮನಾಗಿದ್ದವು; ಎಡಗಡೆಯವು ಕೆಳಗೆ ಇಕ್ಕಟ್ಟಾಗಿ, ಮೇಲೆ ಹೋದಂತೆ ನೇರಗೊಂಡು, ಮಿಡಿಯನ್ನು ಮುಟ್ಟುವಷ್ಟರಲ್ಲಿ ಬಲಗಡೆಯವುಗಳಿಗೆ ಬಹಳ ಸಮೀಪವಾಗಿದ್ದವು. ಎರಡು ಕೈಗಳೇ, ಒಂದೇ ಕೈಯೇ ಎಂದು ಅವನು ಕೇಳಿದನು. ಎರಡೆಂದು ನಾವು ಹೇಳಿದೆವು. ಬಡಿಗನು ಹತ್ತಿರ ಬಂದು ಎಡಗಡೆಯ ಕೆಳಗಿನ ಎಲೆಯ ಮೇಲೆ ಬೆರಳಾಡಿಸಿ, ಇದನ್ನು ತೆಗೆದುಹಾಕದೆ ಕಟ್ಟಿದ್ದಾರಲ್ಲ ಎಂದನು.