ಯುಗಾದಿಯ ಗುಡ್ಡದ ದಾರಿ: ಸೊಲ್ಲಾಪುರದಿಂದ ನಲ್ಲಮಲೆಗೆ

ಹಿಂಗಾರಿ ಜೋಳದ ರಾಶಿ ಮುಗಿದು ಕಣ ಬರಿದಾಗುವ ಹೊತ್ತಿಗೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಹಳ್ಳಿಗಳಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಮಲ್ಲಯ್ಯನ, ಅಂದರೆ ಅಲ್ಲಿನ ಮಲ್ಲಿಕಾರ್ಜುನನ, ಹೆಸರಿನ ಕಂಬಿ (ಹರಕೆಯ ಕಾವಡಿ) ಹೆಗಲಿಗೇರುತ್ತದೆ, ಬುತ್ತಿ ಕಟ್ಟಿಕೊಳ್ಳುತ್ತಾರೆ, ಪರಸಿ ಎಂಬ ಯಾತ್ರೆಯ ಗುಂಪು ಹೊರಡುತ್ತದೆ. ಎದುರಿಗಿರುವುದು 400 ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಲಬುರಗಿ, ರಾಯಚೂರು ಸೀಮೆಗಳ ಬಯಲು ದಾಟಿ, ಕರ್ನೂಲು ಮುಟ್ಟಿ, ಆತ್ಮಕೂರಿನ ಆಚೆ ನಲ್ಲಮಲೆಯ ಕಾಡು ಹೊಕ್ಕು, ಯುಗಾದಿಯ ಹೊತ್ತಿಗೆ ಶ್ರೀಶೈಲ ಸೇರಬೇಕು.

ಯುರೋಪಿನ ಆಲ್ಪ್ಸ್‌ನಲ್ಲೂ ಗುಡ್ಡ ದಾಟುವವರಿಗೆ ಇದೇ ಹಂಗಾಮು. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗಿನ ಹಾದಿಯನ್ನು ಸ್ಕೀ ಕಟ್ಟಿಕೊಂಡು ಪೂರ್ತಿ ದಾಟಿದ್ದು 1911ರಲ್ಲಿ. ಮಾರ್ಚ್‌, ಏಪ್ರಿಲ್‌ ತಿಂಗಳಲ್ಲಿ ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ನಸುಕಿಗೆ ಗಟ್ಟಿಯಾಗಿರುತ್ತದೆ. ಬಿಸಿಲೇರಿದ ಮೇಲೆ ಸಡಿಲಾಗಿ ಕುಸಿಯತೊಡಗುತ್ತದೆ. ಕತ್ತಲಿರುವಾಗಲೇ ಹೊರಟು ಮಧ್ಯಾಹ್ನದೊಳಗೆ ಇಳಿದುಬಿಡಬೇಕು ಎಂಬುದು ಅಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ. ನಲ್ಲಮಲೆಯಲ್ಲಿ ಹಿಮ ಬೀಳುವುದಿಲ್ಲ, ಅಲ್ಲಿ ಕೊಲ್ಲುವುದು ಬಿಸಿಲು. ಆದರೂ ಕೋಳಿ ಕೂಗುವ ಮುಂಚೆ ಎದ್ದು, ಬಿಸಿಲು ಬಲಿಯುವುದರೊಳಗೆ ನೆರಳು ಹಿಡಿಯುವ ಪರಸಿಯವರು ಅನುಸರಿಸುವುದು ಅದೇ ಲೆಕ್ಕಾಚಾರವನ್ನು. ಈ ನಡಿಗೆಯನ್ನು ಭಕ್ತಿಯ ಮಾತಿನಲ್ಲಷ್ಟೇ ಹೇಳಿ ಮುಗಿಸುವುದು ರೂಢಿಯಾಗಿದೆ. ಭಕ್ತಿ ಅದರ ಜೀವ, ನಿಜ. ಜೊತೆಗೆ ಅದು ಗುಡ್ಡ ದಾಟುವ ಒಂದು ವಿದ್ಯೆಯೂ ಹೌದು. ನೀರು ಎಲ್ಲಿ, ಹೊರೆ ಎಷ್ಟು, ಕಾಲು ಕಾಯುವುದು ಹೇಗೆ ಎಂಬ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಬಂದಿದೆ.

ಸೊಲ್ಲಾಪುರದ ಮಟ್ಟಿಗೆ ಈ ದಾರಿಯ ಮೊದಲ ಹೆಸರು ಸಿದ್ಧರಾಮನದು. 12ನೇ ಶತಮಾನದಲ್ಲಿ ಊರಿನ ಹೆಸರು ಸೊನ್ನಲಿಗೆ. ದನ ಕಾಯುತ್ತಿದ್ದ ಹುಡುಗನ ಮುಂದೆ ಮಲ್ಲಯ್ಯ ಜಂಗಮನಾಗಿ ಬಂದು ಹಸಿವೆಂದದ್ದು, ಹುಡುಗ ಮನೆಗೆ ಓಡಿ ಉಣ್ಣಲು ತರುವಷ್ಟರಲ್ಲಿ ಕಾಣದಾದದ್ದು, ಅವನನ್ನು ಹುಡುಕುತ್ತ ಹುಡುಗ ಶ್ರೀಶೈಲಕ್ಕೆ ನಡೆದದ್ದು ರಾಘವಾಂಕನ ‘ಸಿದ್ಧರಾಮಚಾರಿತ್ರ’ದ ಕಥೆ. ಹುಡುಗ ಒಂಟಿಯಾಗಿ ಹೋಗಲಿಲ್ಲ, ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಗುಂಪನ್ನು ಸೇರಿಕೊಂಡ. ಚರಿತ್ರೆ ಓದುವವರು ಗಮನಿಸಬೇಕಾದ ಮಾತು ಇದು. ಕಾವ್ಯದ ಪವಾಡಗಳನ್ನು ಬದಿಗಿಟ್ಟರೂ, ಈ ಸೀಮೆಯಿಂದ ಗುಂಪುಗುಂಪಾಗಿ ಜನ ಆ ಬೆಟ್ಟಕ್ಕೆ ನಡೆಯುವುದು ಕವಿಯ ಕಾಲಕ್ಕಾಗಲೇ ಹೊಸದಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕಮರಿಗೆ ಹಾರಲು ಹೊರಟ ಹುಡುಗನನ್ನು ಮಲ್ಲಯ್ಯ ತಡೆದು ಊರಿಗೆ ಕಳಿಸಿದ. ಹಿಂತಿರುಗಿದ ಸಿದ್ಧರಾಮ ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲ ಮಾಡಿದ. ಕೆರೆ ಕಟ್ಟಿಸಿದ, 68 ಲಿಂಗಗಳನ್ನು ನಿಲ್ಲಿಸಿದ, ವಚನಗಳಿಗೆ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂದು ಅಂಕಿತವಿಟ್ಟ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಕೋಲು ಹೊತ್ತವರು ಇಂದಿಗೂ ಆ 68 ಲಿಂಗಗಳನ್ನು ಸುತ್ತಿ ಬರುತ್ತಾರೆ. ದೂರದ ಬೆಟ್ಟದ ದಾರಿಯನ್ನು ಊರೊಳಗೇ ನಡೆಯುವ ಈ ಏರ್ಪಾಡು ಸೊಲ್ಲಾಪುರದ ದೊಡ್ಡ ಸಾಧನೆ.

ಅದೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಶ್ರೀಶೈಲದ ಕದಳಿಗೆ ನಡೆದಳು. ಮುಂದಿನ ಪೀಳಿಗೆಗಳಲ್ಲಿ ತೆಲುಗು ಕವಿ ಪಾಲ್ಕುರಿಕೆ ಸೋಮನಾಥ ತನ್ನ ‘ಪಂಡಿತಾರಾಧ್ಯ ಚರಿತ್ರ’ದ ಪರ್ವತ ಪ್ರಕರಣದಲ್ಲಿ ಶಿವರಾತ್ರಿಗೆ ಗುಡ್ಡ ಹತ್ತುವವರ ಪಾಡನ್ನು ವಿಸ್ತಾರವಾಗಿ ಬರೆದ. ಗುಡ್ಡದ ನಡಿಗೆಯನ್ನೇ ವಸ್ತುವಾಗಿಸಿಕೊಂಡ ಇಂಥ ಬರಹ ಅಷ್ಟು ಹಿಂದೆ ಸಿಗುವುದು ಅಪರೂಪ.

ಬೆಟ್ಟಕ್ಕೆ ನಾಲ್ಕು ಮಹಾದ್ವಾರಗಳೆಂದು ಎಣಿಕೆ: ಮೂಡಲಿಗೆ ತ್ರಿಪುರಾಂತಕ, ತೆಂಕಲಿಗೆ ಸಿದ್ಧವಟ, ಬಡಗಲಿಗೆ ಉಮಾಮಹೇಶ್ವರ, ಪಡುವಲಿಗೆ ಅಲಂಪುರ. ಕನ್ನಡ ನಾಡಿನ ಕಡೆಯ ಬಾಗಿಲು ಅಲಂಪುರ. ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳು ಇರುವುದೂ ಅಲ್ಲೇ. ಬಾಗಿಲುಗಳಿಂದ ಒಳಗಿನ ಹಾದಿಗೆ ಕಲ್ಲು ಬಿದ್ದದ್ದು 14ನೇ ಶತಮಾನದಲ್ಲಿ. ಕೊಂಡವೀಡಿನ ಪ್ರೋಲಯ ವೇಮರೆಡ್ಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ ಬೆಟ್ಟದ ಬುಡದ ಕೃಷ್ಣೆಗೆ, ಅಂದರೆ ಪಾತಾಳಗಂಗೆಗೆ, ಇಳಿಯುವ ಮೆಟ್ಟಿಲು ಮಾಡಿಸಿದಳು. ಕೃಷ್ಣದೇವರಾಯ ತೇರು ಬೀದಿಯ ಸಾಲುಮಂಟಪ ಕಟ್ಟಿಸಿದ. 1677ರಲ್ಲಿ ಶಿವಾಜಿ ಬಂದುಹೋದ. ಅರಸರ ಪಟ್ಟಿ ಇನ್ನೂ ಬೆಳೆಯುತ್ತದೆ. ಆದರೆ ನಡೆಯುವವನ ಪಾಲಿಗೆ ಗೋಪುರಕ್ಕಿಂತ ಮೆಟ್ಟಿಲೇ ಮುಖ್ಯ. ಮೆಟ್ಟಿಲು ಬಿದ್ದ ಮೇಲೆ ಮುದುಕರೂ ಮಕ್ಕಳನ್ನು ಎತ್ತಿಕೊಂಡ ಹೆಂಗಸರೂ ಗುಡ್ಡ ಏರಬಹುದಾಯಿತು.

ದಾರಿಯ ನಿಜವಾದ ಒಡೆಯರು ಮಾತ್ರ ಚೆಂಚು ಜನ. ಮಲ್ಲಿಕಾರ್ಜುನ ತಮ್ಮ ಹುಡುಗಿಯನ್ನು ಮದುವೆಯಾದವನು ಎಂಬ ಅವರ ಕಥೆಯಲ್ಲಿ ಆತ ಚೆಂಚು ಮಲ್ಲಯ್ಯ. 1794ರಲ್ಲಿ ಶ್ರೀಶೈಲಕ್ಕೆ ಹೋದ ಕಂಪನಿ ಸರ್ಕಾರದ ಅಧಿಕಾರಿ ಕಾಲಿನ್ ಮೆಕೆಂಜಿ ತನ್ನ ದಿನಚರಿಯಲ್ಲಿ ಗುಡಿಯ ಗೋಡೆಯ ಶಿಲ್ಪಗಳ ಜೊತೆಗೆ ಈ ಕಾಡುಜನರ ಬಗೆಗೂ ಬರೆದ. ಮಾನವಶಾಸ್ತ್ರಜ್ಞ ಹೈಮೆಂಡಾರ್ಫ್‌ 1943ರಲ್ಲಿ ಇವರ ಮೇಲೆ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದ. ಯಾವ ಹಳ್ಳದಲ್ಲಿ ಚೈತ್ರಕ್ಕೂ ನೀರಿರುತ್ತದೆ, ಯಾವ ಇಳಿಜಾರಿನಲ್ಲಿ ಕರಡಿ ಅಡ್ಡ ಬರುತ್ತದೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ.

ಆಮೇಲೆ ರೈಲು ಬಂತು. 1871ರಲ್ಲಿ ಮುಂಬಯಿ ಕಡೆಯ ಹಳಿಗೂ ಮದರಾಸು ಕಡೆಯ ಹಳಿಗೂ ರಾಯಚೂರಿನಲ್ಲಿ ಕೂಡಿಕೆಯಾಯಿತು. ಸೊಲ್ಲಾಪುರ, ಅಕ್ಕಲಕೋಟ ರೋಡ್, ಕಲಬುರಗಿ ಒಂದೇ ಸಾಲಿಗೆ ಬಂದವು. ವಾರಗಟ್ಟಲೆಯ ಬಯಲಿನ ನಡಿಗೆ ಒಂದು ದಿನದ ಪಯಣಕ್ಕಿಳಿಯಿತು. ಹಾಗೆಂದು ಬಯಲು ನಡೆಯುವವರು ಇಲ್ಲವಾಗಲಿಲ್ಲ. ಆದರೆ ಅಲ್ಲಿಂದ ಮುಂದೆ ನಡೆಯುವುದು ಅನಿವಾರ್ಯವಾಗಿ ಉಳಿಯಲಿಲ್ಲ, ಹರಕೆಯಾಯಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಗುಡ್ಡದ ಭಾಗವೂ ಹಾಗೆಯೇ ಬದಲಾದದ್ದು ಅಣೆಕಟ್ಟಿನಿಂದ. 1960ರ ದಶಕದಲ್ಲಿ ಶುರುವಾದ ಶ್ರೀಶೈಲ ಯೋಜನೆ 1980ರ ದಶಕದ ಆರಂಭಕ್ಕೆ ಮುಗಿಯಿತು. ಕೆಲಸದ ಜೊತೆ ರಸ್ತೆ ಬಂತು, ರಸ್ತೆಯ ಹಿಂದೆ ಬಸ್ಸು ಬಂತು. ಶಿವರಾತ್ರಿ, ಯುಗಾದಿಗಳಲ್ಲಿ ಮಾತ್ರ ಜನ ಕಾಣುತ್ತಿದ್ದ ಕ್ಷೇತ್ರಕ್ಕೆ ವರ್ಷವಿಡೀ ದಾರಿ ತೆರೆಯಿತು. ಕೃಷ್ಣೆಯ ಹಿನ್ನೀರಿನಲ್ಲಿ ಊರುಗಳೂ ಗುಡಿಗಳೂ ಮುಳುಗಿದವು. ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಲಂಪುರಕ್ಕೆ ತಂದು ನಿಲ್ಲಿಸಿದರು. ಅದೇ ಹೊತ್ತಿಗೆ ಕಾಡಿಗೂ ಹೊಸ ಕಾಯ್ದೆ ಬಂತು. 1978ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಪ್ರದೇಶ 1983ರಲ್ಲಿ ಹುಲಿ ಯೋಜನೆಗೆ ಸೇರಿತು. 2014ರಲ್ಲಿ ಆಂಧ್ರಪ್ರದೇಶ ಒಡೆದಾಗ ಕೃಷ್ಣೆಯ ಬಡಗಲ ಪಾಲು ತೆಲಂಗಾಣದ ಅಮ್ರಾಬಾದ್ ಹುಲಿಧಾಮವಾಯಿತು.

ಹೀಗಾಗಿ ಇಂದು ಕಾಡಿನ ದಾರಿ ತೆರೆಯುವುದು ಶಿವರಾತ್ರಿ ಮತ್ತು ಯುಗಾದಿಯ ಕೆಲವು ದಿನ ಮಾತ್ರ. ಶಿವರಾತ್ರಿಗೆ ತೆಲುಗು ಸೀಮೆಯ ಜನ ಹೆಚ್ಚು, ಯುಗಾದಿಗೆ ಕನ್ನಡದವರು. ಇದಕ್ಕೆ ಹಬ್ಬದಷ್ಟೇ ಬೆಳೆಯೂ ಕಾರಣ. ಸೊಲ್ಲಾಪುರ ಹಿಂಗಾರಿ ಜೋಳದ ಸೀಮೆ. ಮಾಲದಂಡಿ ಜೋಳ ಶಿವರಾತ್ರಿಗೆ ಇನ್ನೂ ಹೊಲದಲ್ಲೋ ಕಣದಲ್ಲೋ ಇರುತ್ತದೆ. ಯುಗಾದಿಗೆ ರಾಶಿ ಮನೆ ಸೇರಿ, ಒಕ್ಕಲಿಗನ ಕೈ ಬಿಡುವಾಗುತ್ತದೆ. ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡದವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ವರ್ಷದ ಮೊದಲ ದಿನ ಮಗಳಿಗೆ ಸೀರೆ, ಅರಿಶಿನ ಕುಂಕುಮ ಕೊಟ್ಟು ಬರಲು ತವರಿನವರು ಹೋಗಬೇಕಲ್ಲವೆ?

ಕಾಡಿನ ನಡಿಗೆ ಆತ್ಮಕೂರಿನ ಹತ್ತಿರದ ವೆಂಕಟಾಪುರದಿಂದ ಮೊದಲಾಗುತ್ತದೆ. ಶ್ರೀಶೈಲದವರೆಗೆ ಸುಮಾರು 40 ಕಿಲೋಮೀಟರ್. ನಾಗಲೂಟಿಯಲ್ಲಿ ವೀರಭದ್ರನ ಗುಡಿ, ಅಲ್ಲಿಂದ ಕಲ್ಲಿನ ಮೆಟ್ಟಿಲ ಏರು. ಮೇಲೆ ಪೆದ್ದಚೆರುವು, ಚೆಂಚು ಗುಡಿಸಲುಗಳ ಮಗ್ಗುಲಲ್ಲಿ ಕೆರೆ. ಮಠಂ ಬಾವಿ ದಾಟಿದರೆ ಭೀಮನಕೊಳ್ಳ. ನೋಡಲು ಹೋದರೆ ನಲ್ಲಮಲೆ ಎತ್ತರದ ಬೆಟ್ಟವೇನಲ್ಲ, ಅದರ ತುದಿಗಳು ಸಮುದ್ರ ಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನವು. ಆದರೆ ಭೀಮನಕೊಳ್ಳದ ಕಡಿದಾದ ಇಳಿವು, ತಳದಲ್ಲಿ ಕಾಲು ತೋಯಿಸಿದೊಡನೆ ಎದುರಾಗುವ ಅಷ್ಟೇ ಕಡಿದಾದ ಏರು, ವಾರಗಟ್ಟಲೆ ಬಯಲಲ್ಲಿ ನಡೆದು ದಣಿದ ಮೊಣಕಾಲುಗಳನ್ನು ಪರೀಕ್ಷೆಗೆ ಒಡ್ಡುತ್ತವೆ. ಚೈತ್ರದಲ್ಲಿ ಆ ಕಾಡು ಎಲೆ ಉದುರಿಸಿ ನಿಂತಿರುತ್ತದೆ, ತಲೆಯ ಮೇಲೆ ನೆರಳು ತೆಳು. ಒಣಗಿದ ತರಗೆಲೆ ಬೂಟಿನಡಿಯಲ್ಲೂ ಬರಿಗಾಲಿನಡಿಯಲ್ಲೂ ಜಾರುತ್ತದೆ, ಒಂದು ಬೀಡಿಯ ಕಿಡಿಗೆ ಹತ್ತಿಕೊಳ್ಳುತ್ತದೆ. ಏರು ಮುಗಿಯುವಲ್ಲಿ ಕೈಲಾಸಬಾಗಿಲು. ಅದನ್ನು ದಾಟುವಾಗ ‘ಮಲ್ಲಯ್ಯ’ ಎಂಬ ಕೂಗು ಇಡೀ ಸಾಲಿನ ಉದ್ದಕ್ಕೂ ಹಿಂದಕ್ಕೆ ಹೋಗುತ್ತದೆ, ಕೊಳ್ಳದಲ್ಲಿ ಇನ್ನೂ ಏದುಸಿರು ಬಿಡುತ್ತಿರುವವರಿಗೆ ದಾರಿ ಮುಗಿಯಿತೆಂದು ತಿಳಿಯುವುದು ಹಾಗೆ.

ನಡೆಯುವವರ ಸಾಮಾನು ಕಾಲಕಾಲಕ್ಕೆ ಬದಲಾಗಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಬದಲಾಗಿಲ್ಲ. ಎರಡೂ ಕೆಡುವುದಿಲ್ಲ, ತೂಕ ಕಡಿಮೆ, ಹೊಟ್ಟೆಗೆ ಆಧಾರ. ಬಯಲಿನ ದಾರಿಯಲ್ಲಿ ಹೊರೆ ಈಗ ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಹಿಂದೆ ಬರುತ್ತದೆ. ಊರೂರಲ್ಲಿ ದಾಸೋಹ, ಮಜ್ಜಿಗೆ, ಔಷಧದ ಶಿಬಿರ. ಆದರೆ ವೆಂಕಟಾಪುರದಲ್ಲಿ ಗಾಡಿ ನಿಂತ ಮೇಲೆ ಎಲ್ಲ ಹೆಗಲಿಗೆ ಬರುತ್ತದೆ. ಅನುಭವಿಗಳು ಆಗ ಎರಡು ಜೊತೆ ಬಟ್ಟೆಯಲ್ಲಿ ಒಂದನ್ನು ಅಲ್ಲೇ ಬಿಡುತ್ತಾರೆ, ನೀರಿನ ಬಾಟಲಿಯನ್ನು ಬಿಡುವುದಿಲ್ಲ. ಅಂಗಾಲಿನ ಬೊಬ್ಬೆ ಒಡೆಯಬಾರದು, ಅರಿವೆ ಸುತ್ತಿ ಅದರ ಮೇಲೆ ಚಪ್ಪಲಿ ಹಾಕಬೇಕು. ಹೊಸ ಚಪ್ಪಲಿಯಲ್ಲಿ ಹೊರಡಲೇಬಾರದು. ಇಂಥ ಬುದ್ಧಿಮಾತು ಯಾವ ಕೈಪಿಡಿಯಲ್ಲೂ ಸಿಗದು. ಕಂಬಿಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ನಡೆಯುವ ಹಿರಿಯರು ಪಕ್ಕದ ಹುಡುಗನಿಗೆ ಹೇಳುವುದಷ್ಟೇ. ಇದರ ನಡುವೆ ಮರಗಾಲು ಕಟ್ಟಿಕೊಂಡು ಇಡೀ ದಾರಿ ನಡೆಯುವ ಹರಕೆಯವರೂ ಇದ್ದಾರೆ. ಭೀಮನಕೊಳ್ಳದ ಮೆಟ್ಟಿಲನ್ನು ಮರಗಾಲಿನಲ್ಲಿ ಇಳಿಯುವ ಸಮತೋಲನಕ್ಕೆ ಯಾವ ಪರ್ವತಾರೋಹಿಯೂ ತಲೆಬಾಗಬೇಕು.

ಅಕ್ಕಲಕೋಟೆಯಿಂದ ಇದೇ ಕಾಡಿಗೆ ಇನ್ನೊಂದು ಎಳೆಯೂ ಹೊರಡುತ್ತದೆ. ಗಾಣಗಾಪುರದ ನರಸಿಂಹ ಸರಸ್ವತಿ ಪಾತಾಳಗಂಗೆಯಲ್ಲಿ ಹೂವಿನ ಆಸನವೇರಿ ಕದಳೀವನದತ್ತ ಮರೆಯಾದರೆಂದು ಮರಾಠಿಯ ‘ಗುರುಚರಿತ್ರ’ ಹೇಳುತ್ತದೆ. ಶತಮಾನಗಳ ನಂತರ ಅಲ್ಲಿನ ಹುತ್ತದಿಂದ ಹೊರಬಂದವರೇ ಅಕ್ಕಲಕೋಟೆಯ ಸ್ವಾಮಿ ಸಮರ್ಥರು ಎಂಬುದು ಭಕ್ತರ ನಂಬಿಕೆ. ಅವರು 1878ರಲ್ಲಿ ಅಕ್ಕಲಕೋಟೆಯಲ್ಲೇ ಸಮಾಧಿಯಾದರು. ಹೀಗೆ ಅಕ್ಕನ ಕದಳಿಯೂ ದತ್ತ ಸಂಪ್ರದಾಯದ ಕರ್ದಳಿಯೂ ಕೃಷ್ಣೆಯ ಆಚೆ ದಡದ ಒಂದೇ ಕಾಡಿನಲ್ಲಿ ಕೂಡುತ್ತವೆ. ಒಂದು ಗುಂಪು ಕನ್ನಡ ವಚನ ಹೇಳುತ್ತ ಹೋಗುತ್ತದೆ, ಇನ್ನೊಂದು ಮರಾಠಿ ಓವಿ ಹೇಳುತ್ತ. ಅಕ್ಕಮಹಾದೇವಿಯ ಗವಿ ಇಬ್ಬರಿಗೂ ತಂಗುದಾಣ. ಕದಳಿಯ ಈ ದಾರಿ ಮಹಾರಾಷ್ಟ್ರದ ನಡಿಗೆಗಾರರಲ್ಲಿ ಜನಪ್ರಿಯವಾದದ್ದು ಇತ್ತೀಚಿನ ದಶಕಗಳಲ್ಲಿ. ಪಾತಾಳಗಂಗೆಯಿಂದ ಹಿನ್ನೀರಿನಲ್ಲಿ ದೋಣಿ ಪಯಣ, ದಡದಿಂದ ಕಡಿದಾದ ಏರು, ಆಮೇಲೆ ದಟ್ಟ ಕಾಡು. ಅಣೆಕಟ್ಟು ಹಳೆಯ ದಾರಿಗಳನ್ನು ಮುಳುಗಿಸಿ ಈ ಹೊಸ ನೀರದಾರಿಯನ್ನು ತೆರೆಯಿತು.

ಮುಂದಿನ ಪ್ರಶ್ನೆಗಳು ಎರಡು, ಎರಡೂ ಗಂಭೀರ. ಮೊದಲನೆಯದು ಕಾಡಿನದು. ಹುಲಿಯ ನೆಲದಲ್ಲಿ ಕೆಲವೇ ದಿನಗಳಲ್ಲಿ ಅಪಾರ ಜನ ಹಾದುಹೋಗುತ್ತಾರೆ. ಪ್ಲಾಸ್ಟಿಕ್ ಬಾಟಲಿ, ಒಲೆಯ ಬೆಂಕಿ, ಹಳ್ಳದ ನೀರಿಗೆ ಸೋಪು ಎಲ್ಲ ಉಳಿಯುತ್ತವೆ. ನಡೆಯುವ ಹಕ್ಕು ಎಂಟು ಶತಮಾನದ್ದು ನಿಜ, ಆದರೆ ಆ ಹಕ್ಕು ಪಡೆದವರು ತಾಮ್ರದ ತಂಬಿಗೆ, ಎಲೆಯ ಪತ್ರಾವಳಿ ಹಿಡಿದು ಬಂದವರು. ಅರಣ್ಯ ಇಲಾಖೆ ಬಿಗಿ ಮಾಡಿದರೆ ಸಿಟ್ಟಾಗುವ ಬದಲು ಕಂಬಿಯ ಹಿರಿಯರೇ ಈ ಶಿಸ್ತನ್ನು ಕೈಗೆತ್ತಿಕೊಂಡರೆ ದಾರಿ ಉಳಿಯುತ್ತದೆ.

ಎರಡನೆಯದು ಬಿಸಿಲಿನದು, ಅದಕ್ಕೆ ಪಂಚಾಂಗದ ನಂಟಿದೆ. ಅಧಿಕಮಾಸದ ದೆಸೆಯಿಂದ ಯುಗಾದಿ ಹಿಂದೆ ಮುಂದೆ ಸರಿಯುತ್ತದೆ. 2023ರಲ್ಲಿ ಅದು ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ರಾಯಚೂರು–ಕರ್ನೂಲು ಬಯಲಿನಲ್ಲಿ ಆ ಹದಿನೆಂಟು ದಿನಗಳ ಅಂತರವೆಂದರೆ ನಡೆಯಬಹುದಾದ ಬಿಸಿಲಿಗೂ ನಡೆಯಬಾರದ ಬಿಸಿಲಿಗೂ ಇರುವ ಅಂತರ. ಬಿಸಿಲಿನ ತೊಡಕಿಗೆ ಒಂದು ಉತ್ತರವನ್ನು ಬೆಳಗಾವಿ ಜಿಲ್ಲೆಯ ಯಡೂರಿನ ದಾರಿ ತೋರಿಸಿತು: ಶ್ರೀಶೈಲ ಪೀಠದ ಜಗದ್ಗುರುಗಳು 2022ರಲ್ಲಿ ಯಡೂರಿನಿಂದ ಪಾದಯಾತ್ರೆ ಹೊರಟದ್ದು ಮಳೆ ಮುಗಿದ ಮೇಲೆ, ತಂಪು ಹಂಗಾಮಿನಲ್ಲಿ. ಆದರೆ ಯುಗಾದಿಯ ನಂಟು ಬಿಟ್ಟು ಒಕ್ಕಲುಮಂದಿ ಹೊರಡಲಾರರು. ಮಳೆಗಾಲದ ನಂತರ ಹಿಂಗಾರಿ ಬಿತ್ತನೆ ಅವರನ್ನು ಹಿಡಿದಿಡುತ್ತದೆ. 2027ರಲ್ಲಿ ಯುಗಾದಿ ಏಪ್ರಿಲ್ 7ಕ್ಕಿದೆ. ಆ ವರ್ಷ ಹೊರಡುವ ಕಂಬಿಗಳು ಬಯಲಿನ ಹಂತಗಳನ್ನು ಚಿಕ್ಕದು ಮಾಡಿಕೊಂಡು, ಎರಡು ಮೂರು ದಿನ ಮುಂಚೆಯೇ ಊರು ಬಿಡಬೇಕಾದೀತು. ಮಠಂ ಬಾವಿಯಿಂದ ಭೀಮನಕೊಳ್ಳದವರೆಗಿನ ನೀರಿನ ಏರ್ಪಾಡನ್ನು ಮಾರ್ಚ್ ತಿಂಗಳಲ್ಲೇ ಯಾರಾದರೂ ಹೋಗಿ ನೋಡಿ ಬರಬೇಕು.