ಮೂರು ವರ್ಷ ನೋಡಿ ಹೇಳಬೇಕಾದ ಮಾತು
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಳೆಯ ಡಿಫೆನ್ಸಿವ್ ಲೈನ್‌ಮನ್‌ನ ಬೆಳವಣಿಗೆಯನ್ನು ಅಳೆಯುತ್ತ ಬಂದ ಬಗೆ

2019ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಏರ್ಪಾಡಿನಲ್ಲಿ, ನ್ಯೂಯಾರ್ಕ್ ಜೆಟ್ಸ್ ತಂಡ ಅಲಬಾಮಾ ವಿಶ್ವವಿದ್ಯಾಲಯದ ಕ್ವಿನೆನ್ ವಿಲಿಯಮ್ಸ್ ಅವರನ್ನು ಮೂರನೆಯ ಆಯ್ಕೆಯಾಗಿ ಸೇರಿಸಿಕೊಂಡಿತು. ಆಗ ಅವರಿಗೆ 21 ವರ್ಷ. ಚೆಂಡು ಎಸೆಯುವವನಾದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಅವನು ಎಸೆಯುವ ಮೊದಲೇ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ವಿಲಿಯಮ್ಸ್‌ಗೆ ಮೊದಲ ವರ್ಷ ಸಿಕ್ಕಿದ್ದು 2.5 ಸ್ಯಾಕ್ ಮಾತ್ರ. ಎರಡನೆಯ ವರ್ಷ 7, ಮೂರನೆಯ ವರ್ಷ 6. ನಾಲ್ಕನೆಯ ವರ್ಷ 12ಕ್ಕೇರಿ, ಅಮೆರಿಕದ ವೃತ್ತಿಪರ ಲೀಗ್‌ನ ಅತ್ಯುತ್ತಮ ಆಟಗಾರರ ಮೊದಲ ಪಟ್ಟಿಯಲ್ಲಿ ಅವರ ಹೆಸರು ಬಂತು. 2023ರಲ್ಲಿ ಅದೇ ತಂಡ ಅವರೊಂದಿಗೆ ನಾಲ್ಕು ವರ್ಷಕ್ಕೆ 9.6 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು.

ಮೊದಲ ವರ್ಷದ ಕೊನೆಗೆ ಅವರ ಬಗ್ಗೆ ತೀರ್ಪು ಬರೆದಿದ್ದರೆ ಅದು ಏನಾಗಿರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಆ ತೀರ್ಪು ತಪ್ಪುತ್ತಿದ್ದುದು ಅಂಕಿ ಸುಳ್ಳಾಗಿದ್ದರಿಂದಲ್ಲ, ಅಂಕಿ ಅಳೆಯುತ್ತಿದ್ದುದು ಬೇರೇನನ್ನೋ ಆಗಿದ್ದರಿಂದ. ಎಳೆಯ ಲೈನ್‌ಮನ್ ಬೆಳೆಯುತ್ತಿದ್ದಾನೋ ಇಲ್ಲವೋ ಎಂಬ ಪ್ರಶ್ನೆಗೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಒಂದು ಶತಮಾನದ ಹತ್ತಿರ ಹತ್ತಿರ ಉತ್ತರ ಹುಡುಕುತ್ತ ಬಂದಿದೆ. ಕಣ್ಣಳತೆ, ದೇಹದ ಅಳತೆ, ಸ್ಯಾಕ್ ಲೆಕ್ಕ, ಪ್ರತಿ ಆಟದ ಲೆಕ್ಕ ಎಂಬ ನಾಲ್ಕು ಹಂತಗಳನ್ನು ಅದು ದಾಟಿದೆ. ಒಂದೊಂದು ಹಂತವೂ ಹಿಂದಿನದರ ಒಂದು ಕುರುಡನ್ನು ಕಳೆಯಿತು, ತನ್ನದೇ ಒಂದನ್ನು ಸೇರಿಸಿತು.

ಸಾಲಿನಲ್ಲಿ ನಿಂತವನ ಕೆಲಸ

ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಅವರನ್ನು ತಡೆಯುವ ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಮುಂದೆ, ಬಹುಮಟ್ಟಿಗೆ ನೆಲಕ್ಕೆ ಕೈಯೂರಿ ನಿಲ್ಲುವ ಮೂವರೋ ನಾಲ್ವರೋ ಡಿಫೆನ್ಸಿವ್ ಲೈನ್‌ಮನ್‌ಗಳು. ನಡುವೆ ನಿಂತವರು ಟ್ಯಾಕಲ್‌ಗಳು, ಅಂಚಿನಲ್ಲಿ ನಿಂತವರು ಎಂಡ್‌ಗಳು. ಎದುರಿಗೆ ತಲಾ ಸುಮಾರು 140 ಕಿಲೋ ತೂಗುವ ಐವರು ತಡೆಗಾರರು.

ಕೆಲಸ ಒಬ್ಬೊಬ್ಬರಿಗೆ ಒಂದೊಂದು. ಕೆಲವು ತಂಡಗಳಲ್ಲಿ ಲೈನ್‌ಮನ್ ಒಂದೇ ಸಂದಿಯನ್ನು ಗುರಿಯಾಗಿಸಿ ಸೀಳಿಕೊಂಡು ನುಗ್ಗಬೇಕು. ಇನ್ನು ಕೆಲವೆಡೆ ಎದುರಿನ ತಡೆಗಾರನನ್ನು ಎದೆಗೆ ಎದೆ ಕೊಟ್ಟು ಹಿಡಿದು, ಅವನ ಎಡಬಲದ ಎರಡೂ ಸಂದಿಗಳನ್ನು ಕಾಯಬೇಕು. ತಡೆಗಾರರ ನಡುವಿನವನಾದ ಸೆಂಟರ್‌ನ ನೇರ ಮುಂದೆ ನಿಲ್ಲುವ ನೋಸ್ ಟ್ಯಾಕಲ್ ಇಬ್ಬರು ತಡೆಗಾರರ ಒತ್ತಡ ತಾಳಿಕೊಂಡರೆ ಅವನ ಹಿಂದಿನ ಲೈನ್‌ಬ್ಯಾಕರ್ ಬಿಡುಬೀಸಾಗಿ ಓಡಿ ಚೆಂಡು ಹಿಡಿದವನನ್ನು ಕೆಡವುತ್ತಾನೆ. ಒಂದು ತುದಿಯಲ್ಲಿ ರನ್ ಬಿಡದೆ ಕಟ್ಟಿಹಾಕುವ ಬೌಲರ್‌ನಿಂದಾಗಿ ಇನ್ನೊಂದು ತುದಿಯವನಿಗೆ ವಿಕೆಟ್ ಬೀಳುವುದನ್ನು ಕ್ರಿಕೆಟ್ ಬಲ್ಲ ನಾವು ಕಂಡಿದ್ದೇವೆ. ಇಲ್ಲಿಯೂ ನಡೆಯುವುದು ಅದೇ. ಕೆಲಸ ಮಾಡಿದವನು ಒಬ್ಬ, ಲೆಕ್ಕಕ್ಕೆ ಬರುವವನು ಇನ್ನೊಬ್ಬ. ಮುಂದಿನ ಇಡೀ ಚರಿತ್ರೆ ಈ ಅಂತರವನ್ನು ತುಂಬುವ ಪ್ರಯತ್ನ.

ಕಣ್ಣಳತೆಯ ಕಾಲ

ಲೀಗ್‌ನ ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಆಗ ತಂಡಗಳಿಗೆ ಆಧಾರವಾಗಿದ್ದವು ಪತ್ರಿಕಾ ವರದಿಗಳು, ಪರಿಚಯದ ಕೋಚ್‌ಗಳ ಮಾತು, ಅಷ್ಟಿಷ್ಟು ಪ್ರಯಾಣ. 1946ರಲ್ಲಿ ಹುಟ್ಟಿದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕೋಚ್ ಪಾಲ್ ಬ್ರೌನ್ ಆಟದ ಫಿಲ್ಮ್ ನೋಡಿ ಪ್ರತಿ ಆಟಗಾರನಿಗೂ ಅಂಕ ಕೊಡುವ ಪದ್ಧತಿಯನ್ನು ನೆಲೆಗೊಳಿಸಿದರು. ಬೆಳವಣಿಗೆಯನ್ನು ನೆನಪಿನಿಂದಲ್ಲ, ದಾಖಲೆಯಿಂದ ಅಳೆಯಬೇಕೆಂಬ ವಿಚಾರಕ್ಕೆ ಅಲ್ಲಿ ಗಟ್ಟಿ ನೆಲೆ ಸಿಕ್ಕಿತು.

ಆದರೆ ಕಣ್ಣು ಹೋದ ಕಡೆಗೆ ಮಾತ್ರ ಅಳತೆ ಹೋಗುತ್ತದೆ. ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದ ದಕ್ಷಿಣದ ಕಾಲೇಜುಗಳತ್ತ ಬಹುಪಾಲು ತಂಡಗಳು ತಲೆಹಾಕುತ್ತಿರಲಿಲ್ಲ. ಮುಂದೆ ಆಟದ ದಂತಕಥೆಯಾದ ಡೀಕನ್ ಜೋನ್ಸ್ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ 1961ರಲ್ಲಿ ಆರಿಸಿದ್ದು ಹದಿನಾಲ್ಕನೆಯ ಸುತ್ತಿನಲ್ಲಿ. ಈ ಕುರುಡನ್ನು ಕಳೆದವರಲ್ಲಿ ಬಿಲ್ ನನ್ ಮುಖ್ಯರು. ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಕ್ರೀಡಾ ವರದಿಗಾರರಾಗಿ ಆ ಕಾಲೇಜುಗಳನ್ನೆಲ್ಲ ಬಲ್ಲವರಾಗಿದ್ದ ಅವರು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್ ಆದರು. 1969ರಲ್ಲಿ ಸ್ಟೀಲರ್ಸ್ ಮೊದಲ ಸುತ್ತಿನಲ್ಲಿ ಜೋ ಗ್ರೀನ್ ಅವರನ್ನೂ ಹತ್ತನೆಯ ಸುತ್ತಿನಲ್ಲಿ ಎಲ್.ಸಿ. ಗ್ರೀನ್‌ವುಡ್ ಅವರನ್ನೂ ತಂದಿತು. ಗ್ರೀನ್ ಬಂದ ಕೂಡಲೇ ಮಿಂಚಿದರು. ಗ್ರೀನ್‌ವುಡ್ ಖಾಯಂ ಸ್ಥಾನಕ್ಕಾಗಿ 1971ರವರೆಗೆ ಕಾಯಬೇಕಾಯಿತು. ಅದೇ 1971ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಡ್ವೈಟ್ ವೈಟ್, ಎಂಟನೆಯ ಸುತ್ತಿನಲ್ಲಿ ಅರ್ನಿ ಹೋಮ್ಸ್ ಸೇರಿದರು. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ನಾಲ್ಕು ಬಾರಿ ಗೆದ್ದ ‘ಸ್ಟೀಲ್ ಕರ್ಟನ್’ ರಕ್ಷಣಾ ಪಡೆಯ ಮುಂದಿನ ಸಾಲು ತಯಾರಾದದ್ದು ಹೀಗೆ. ನನ್ ಅವರ ಹೆಸರು 2021ರಲ್ಲಿ ಆಟದ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿತು.

ಅಳತೆಪಟ್ಟಿಯ ಕಾಲ

1960ರಲ್ಲಿ ಆರಂಭವಾದ ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಮತ್ತು ಸ್ಕೌಟಿಂಗ್ ಮುಖ್ಯಸ್ಥ ಗಿಲ್ ಬ್ರಾಂಟ್ ಆಟಗಾರರನ್ನು ಅಳೆಯುವ ಕೆಲಸಕ್ಕೆ ಕಂಪ್ಯೂಟರ್ ತಂದರು. ಅದರ ಲೆಕ್ಕದ ಚೌಕಟ್ಟನ್ನು ಕಟ್ಟಿಕೊಟ್ಟವರು ಭಾರತದಿಂದ ಹೋಗಿದ್ದ ಸಲಾಂ ಖುರೇಶಿ. ಐಬಿಎಂನ ಅಂಗಸಂಸ್ಥೆಯೊಂದರಲ್ಲಿದ್ದ ಅವರಿಗೆ ಅಮೆರಿಕನ್ ಫುಟ್‌ಬಾಲ್ ಹೊಸದು. ಸ್ಕೌಟ್‌ಗಳು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬಳಸುತ್ತಿದ್ದ ವರ್ಣನೆಗಳನ್ನು ಒಂದೇ ಅಳತೆಗೆ ತಂದು, ನಡತೆ, ಚುರುಕು, ಹೋರಾಟದ ಗುಣ, ಬುದ್ಧಿಯ ಎಚ್ಚರ, ಸ್ಫೋಟಕ ಬಲ ಎಂಬ ಶೀರ್ಷಿಕೆಗಳ ಕೆಳಗೆ ಅಂಕ ಕೊಡುವಂತೆ ಮಾಡಿದ್ದು ಈ ಪದ್ಧತಿಯ ನಿಜವಾದ ಸಾಧನೆ. ಇಬ್ಬರು ಸ್ಕೌಟ್‌ಗಳ ಮಾತನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಆಗ ಸಾಧ್ಯವಾಯಿತು.

ಹಾಗಿದ್ದೂ ಕೌಬಾಯ್ಸ್‌ನ ಲೈನ್‌ಮನ್‌ಗಳು ಬೆಳೆದದ್ದು ಅಂಕಪಟ್ಟಿಯಿಂದ ಅಲ್ಲ, ಸರಿಯಾದ ಜಾಗ ಸಿಕ್ಕಿದ್ದರಿಂದ. ಎಂಡ್ ಆಗಿ ಬಂದ ಬಾಬ್ ಲಿಲ್ಲಿ 1963ರಲ್ಲಿ ಟ್ಯಾಕಲ್ ಜಾಗಕ್ಕೆ ಸರಿದ ಮೇಲೆ ತಮ್ಮ ಆಟ ಕಂಡುಕೊಂಡರು. 1975ರಲ್ಲಿ ಎರಡನೆಯ ಆಯ್ಕೆಯಾಗಿ ಬಂದ ರ‍್ಯಾಂಡಿ ವೈಟ್ ಎರಡು ವರ್ಷ ಲೈನ್‌ಬ್ಯಾಕರ್ ಜಾಗದಲ್ಲಿ ಕಳೆದರು. 1977ರಲ್ಲಿ ಟ್ಯಾಕಲ್ ಆದರು. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ಹಾರ್ವಿ ಮಾರ್ಟಿನ್ ಜೊತೆ ಪಂದ್ಯಶ್ರೇಷ್ಠ ಪ್ರಶಸ್ತಿ ಹಂಚಿಕೊಂಡರು. ಎರಡು ವರ್ಷಕ್ಕೇ ವೈಟ್ ಬಗ್ಗೆ ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದರೆ ತಂಡ ಒಬ್ಬ ಹಾಲ್ ಆಫ್ ಫೇಮ್ ಆಟಗಾರನನ್ನು ಕಳೆದುಕೊಳ್ಳುತ್ತಿತ್ತು.

1982ರಲ್ಲಿ ಟ್ಯಾಂಪಾ ನಗರದಲ್ಲಿ ಶುರುವಾದ ಸಾಮೂಹಿಕ ಪರೀಕ್ಷಾ ಶಿಬಿರ 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಇದೇ ಕಂಬೈನ್. 40 ಗಜದ ಓಟ, 225 ಪೌಂಡ್ ಭಾರವನ್ನು ಮಲಗಿ ಎತ್ತುವುದು, ನಿಂತಲ್ಲಿಂದ ಜಿಗಿತ, ಮೂರು ಕೋನ್‌ಗಳ ಸುತ್ತ ತಿರುಗುವ ಓಟ. ಲೈನ್‌ಮನ್‌ಗಳ ವಿಷಯದಲ್ಲಿ ಅನುಭವಿಗಳು 40 ಗಜಕ್ಕಿಂತ ಅದರ ಮೊದಲ 10 ಗಜದ ವೇಳೆಯನ್ನು ಹೆಚ್ಚು ನಂಬುತ್ತಾರೆ. ಆಟದಲ್ಲಿ ಅವರು ಓಡಬೇಕಾದ ದೂರ ಬಹುತೇಕ ಅಷ್ಟೇ.

ಈ ಅಳತೆಗಳು ಮೋಸ ಮಾಡಿದ ಪ್ರಸಂಗಗಳು ಪ್ರಸಿದ್ಧ. 1995ರಲ್ಲಿ ಕಂಬೈನ್‌ನಲ್ಲಿ ಬೆರಗು ಹುಟ್ಟಿಸಿದ ಮೈಕ್ ಮಮೂಲಾ ಅವರಿಗಾಗಿ ಫಿಲಡೆಲ್ಫಿಯಾ ಈಗಲ್ಸ್ ಹನ್ನೆರಡನೆಯ ಆಯ್ಕೆಯೊಂದಿಗೆ ಇನ್ನಷ್ಟು ಕೊಟ್ಟು ಏಳನೆಯ ಆಯ್ಕೆ ಪಡೆಯಿತು. ಆ ಹನ್ನೆರಡನೆಯ ಆಯ್ಕೆಯಲ್ಲಿ ಟ್ಯಾಂಪಾ ಬೇ ತಂಡ ಪಡೆದದ್ದು ವಾರನ್ ಸ್ಯಾಪ್ ಅವರನ್ನು. ಸ್ಯಾಪ್ ಅಷ್ಟು ಕೆಳಗಿಳಿಯಲು ಮೈದಾನದ ಹೊರಗಿನ ಕಾರಣಗಳೂ ಇದ್ದವು. ಆದರೆ ಹಾಲ್ ಆಫ್ ಫೇಮ್ ಸೇರಿದವರು ಅವರೇ. 2008ರಲ್ಲಿ ಆರನೆಯ ಆಯ್ಕೆಯಾದ ವರ್ನನ್ ಗೋಲ್ಸ್‌ಟನ್ 225 ಪೌಂಡನ್ನು 37 ಸಲ ಎತ್ತಿದ್ದರು. ಜೆಟ್ಸ್ ಪರ ಮೂರು ಸೀಸನ್ ಆಡಿ ಒಂದೂ ಸ್ಯಾಕ್ ಪಡೆಯಲಿಲ್ಲ. ಇನ್ನೊಂದು ಕಡೆ, 2014ರಲ್ಲಿ ಎತ್ತರ ಸಾಲದೆಂಬ ಅನುಮಾನದ ನಡುವೆ ಹದಿಮೂರನೆಯ ಆಯ್ಕೆಯಾದ ಆರನ್ ಡೊನಾಲ್ಡ್ ಮೂರು ಬಾರಿ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಗೆದ್ದರು. ಕಂಬೈನ್ ಹೇಳುವುದು ದೇಹಕ್ಕೆ ಏನು ಸಾಧ್ಯ ಎಂಬುದನ್ನು. ಕಲಿಯುವ ಶಕ್ತಿಯನ್ನು ಈ ಅಳತೆಗಳು ಹೇಳುವುದಿಲ್ಲ.

ಸ್ಯಾಕ್ ಎಂಬ ಏಕೈಕ ನಾಣ್ಯ

1978ರಲ್ಲಿ ನಿಯಮಗಳು ಬದಲಾಗಿ, ತಡೆಗಾರರು ಕೈ ಚಾಚಿ ಅಂಗೈ ಬಿಡಿಸಿ ತಡೆಯಬಹುದು ಎಂದಾಯಿತು. ಚೆಂಡು ಎಸೆಯುವ ಆಟ ಅರಳಿತು. ಎಸೆಯುವವನನ್ನು ಕಾಡುವವನ ಬೆಲೆಯೂ ಏರಿತು. ಲೀಗ್ 1982ರಿಂದ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿತು. ಅಲ್ಲಿಯವರೆಗೆ ಲೈನ್‌ಮನ್‌ಗಳಿಗೆ ತಮ್ಮದೆಂದು ಹೇಳಿಕೊಳ್ಳಲು ಒಂದು ಅಧಿಕೃತ ಅಂಕಿಯೂ ಇರಲಿಲ್ಲ. ಆ ದೃಷ್ಟಿಯಿಂದ ಇದು ಅವರಿಗೆ ಸಿಕ್ಕ ನ್ಯಾಯ. ಆದರೆ ಇದ್ದದ್ದು ಒಂದೇ ಅಂಕಿಯಾದ್ದರಿಂದ ಎಲ್ಲ ತೀರ್ಪೂ ಅದರ ಮೇಲೇ ನಿಂತಿತು.

ಸ್ಯಾಕ್ ಅಪರೂಪದ ಘಟನೆ. ಒಳ್ಳೆಯ ಆಟಗಾರನಿಗೂ ವರ್ಷಕ್ಕೆ ಸಿಗುವುದು ಹತ್ತರ ಆಸುಪಾಸು. ಇಷ್ಟು ಚಿಕ್ಕ ಎಣಿಕೆಯಲ್ಲಿ ಅದೃಷ್ಟದ ಪಾಲು ದೊಡ್ಡದು. ತಂಡ ಮುಂದಿದ್ದರೆ ಎದುರಾಳಿ ಹೆಚ್ಚು ಎಸೆಯುತ್ತಾನೆ, ಸ್ಯಾಕ್‌ನ ಅವಕಾಶವೂ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಬೇಗ ಚೆಂಡು ಬಿಟ್ಟರೆ ಎಷ್ಟು ಚೆನ್ನಾಗಿ ನುಗ್ಗಿದರೂ ಕೈಗೆ ಸಿಗುವುದು ಗಾಳಿ. ಒಬ್ಬ ಒಳಗಿನಿಂದ ತಳ್ಳಿ ಓಡಿಸಿದವನನ್ನು ಅಂಚಿನವನು ಕೆಡವಿದರೆ ಲೆಕ್ಕ ಅಂಚಿನವನದು.

ಆಟಗಾರನ ಆರಂಭದ ವರ್ಷಗಳಲ್ಲಂತೂ ಈ ಅಂಕಿ ತೀರ ಅವಿಶ್ವಾಸಾರ್ಹ. 1985ರ ಮೊದಲ ಆಯ್ಕೆ ಬ್ರೂಸ್ ಸ್ಮಿತ್ ಮೊದಲ ವರ್ಷ ಗಳಿಸಿದ್ದು 6.5; ನಿವೃತ್ತಿಯ ಹೊತ್ತಿಗೆ 200. 2006ರಲ್ಲಿ ಹ್ಯೂಸ್ಟನ್ ತಂಡ ಮಾರಿಯೊ ವಿಲಿಯಮ್ಸ್ ಅವರನ್ನು ಮೊದಲ ಆಯ್ಕೆ ಮಾಡಿದಾಗ ಅಭಿಮಾನಿಗಳು ಸಿಡಿಮಿಡಿಗೊಂಡರು. ಮೊದಲ ವರ್ಷದ 4.5 ಸ್ಯಾಕ್ ಅವರ ಸಿಟ್ಟಿಗೆ ಸಾಕ್ಷಿಯಾಯಿತು. ಮರುವರ್ಷವೇ 14 ಬಂತು. ಮೈಕಲ್ ಸ್ಟ್ರೇಹನ್ ಅವರದು ಇನ್ನೂ ಪಾಠ ಕಲಿಸುವ ದಾಖಲೆ. 1993ರಲ್ಲಿ 1, ನಂತರ 4.5, 7.5, 5. ಐದನೆಯ ವರ್ಷ 14. 2001ರಲ್ಲಿ 22.5 ಗಳಿಸಿ ಅಂದಿನ ಲೀಗ್ ದಾಖಲೆ ಬರೆದರು. ನಾಲ್ಕನೆಯ ವರ್ಷದಲ್ಲಿ ಇಳಿದ ಅಂಕಿ ನೋಡಿ ಬೆಳವಣಿಗೆ ನಿಂತಿತೆಂದು ಯಾರಾದರೂ ನಂಬಿದ್ದರೆ ಅದು ಸಹಜವೇ ಆಗಿತ್ತು. ಸಹಜವಾಗಿದ್ದೂ ತಪ್ಪು.

ಪ್ರತಿ ಆಟದ ಲೆಕ್ಕ

2000ದ ದಶಕದ ಕೊನೆಗೆ ಪ್ರೊ ಫುಟ್‌ಬಾಲ್ ಫೋಕಸ್ ಎಂಬ ಸಂಸ್ಥೆ ಪ್ರತಿ ಪಂದ್ಯದ ಪ್ರತಿ ಆಟದಲ್ಲೂ ಪ್ರತಿ ಆಟಗಾರನಿಗೆ ಅಂಕ ಕೊಡತೊಡಗಿತು. ಇದನ್ನು ಶುರುಮಾಡಿದವರು ಇಂಗ್ಲೆಂಡಿನ ನೀಲ್ ಹಾರ್ನ್ಸ್‌ಬಿ. ಸ್ಯಾಕ್ ಜೊತೆಗೆ ಕ್ವಾರ್ಟರ್‌ಬ್ಯಾಕ್‌ಗೆ ತಗುಲಿದ ಹೊಡೆತ, ಅವನನ್ನು ಅವಸರಪಡಿಸಿದ ಸಂದರ್ಭಗಳನ್ನೂ ಸೇರಿಸಿ ‘ಪ್ರೆಷರ್’ ಎಂದು ಎಣಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಸ್ಯಾಕ್ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಪ್ರೆಷರ್ ಅಷ್ಟಾಗಿ ಏರಿಳಿಯುವುದಿಲ್ಲ. ನಾಳೆಯ ಸ್ಯಾಕ್‌ಗಳನ್ನು ಊಹಿಸಬೇಕಾದರೆ ಇಂದಿನ ಸ್ಯಾಕ್‌ಗಿಂತ ಇಂದಿನ ಪ್ರೆಷರ್ ನೋಡುವುದು ಮೇಲು.

ಆಮೇಲೆ ಬಂದದ್ದು ಭುಜದ ಕವಚದೊಳಗಿನ ಪುಟ್ಟ ಚಿಪ್. 2015ರ ಹೊತ್ತಿಗೆ ಎಲ್ಲ ಕ್ರೀಡಾಂಗಣಗಳಲ್ಲೂ ಪ್ರತಿ ಆಟಗಾರನ ಚಲನೆ ಸೆಕೆಂಡಿಗೆ ಹತ್ತು ಬಾರಿ ದಾಖಲಾಗತೊಡಗಿತು. ಇದರ ಮೇಲೆ ಇಎಸ್‌ಪಿಎನ್ ‘ಪಾಸ್ ರಷ್ ವಿನ್ ರೇಟ್’ ಎಂಬ ಅಳತೆ ಕಟ್ಟಿತು: ಚೆಂಡು ಚಲಿಸಿದ 2.5 ಸೆಕೆಂಡಿನೊಳಗೆ ಲೈನ್‌ಮನ್ ತನ್ನ ತಡೆಗಾರನನ್ನು ದಾಟಿದನೇ ಇಲ್ಲವೇ? ಆಟದ ಫಲಿತಾಂಶ ಏನೇ ಆಗಲಿ, ಇಬ್ಬರ ನಡುವಿನ ಕಾಳಗದ ಫಲಿತಾಂಶ ಬೇರೆಯಾಗಿ ಸಿಕ್ಕಿತು. ಇಬ್ಬರು ತಡೆಗಾರರು ಒಬ್ಬನನ್ನು ಎಷ್ಟು ಸಲ ಒತ್ತಿದರು ಎಂಬುದೂ ತಿಳಿಯಿತು. ಎಳೆಯ ಟ್ಯಾಕಲ್ ಒಬ್ಬನ ಸ್ಯಾಕ್ ಕಡಿಮೆಯಾಗಿ ಅವನ ಮೇಲಿನ ಜೋಡಿ ತಡೆ ಹೆಚ್ಚಾಗಿದ್ದರೆ, ಎದುರಾಳಿ ತಂಡಗಳು ಅವನಿಗೆ ಕೊಟ್ಟ ಮರ್ಯಾದೆ ಅದು. ಅದೂ ಬೆಳವಣಿಗೆಯೇ.

ಈ ಹಂತದ ಕೊರತೆ ಓಟದ ಆಟವನ್ನು ತಡೆಯುವ ಕೆಲಸದಲ್ಲಿದೆ. ಸಂದಿ ಕಾದು ನಿಂತವನ ಕೆಲಸ ಸರಿಯೋ ತಪ್ಪೋ ಎಂದು ಹೇಳಲು ಕೋಚ್ ಅವನಿಗೆ ಏನು ಹೇಳಿದ್ದರು ಎಂಬುದು ಗೊತ್ತಿರಬೇಕು. ಆ ಮಾತು ಚಿಪ್‌ನಲ್ಲಿ ದಾಖಲಾಗುವುದಿಲ್ಲ.

ಒಪ್ಪಂದದ ಗಡಿಯಾರ

ಸಾಧನಗಳು ಸೂಕ್ಷ್ಮವಾದ ಕಾಲದಲ್ಲೇ ಕಾಯುವ ಅವಧಿ ಕುಗ್ಗಿದೆ. 2011ರ ಕಾರ್ಮಿಕ ಒಪ್ಪಂದದಿಂದೀಚೆಗೆ ಡ್ರಾಫ್ಟ್ ಆದವರ ಮೊದಲ ಕರಾರು ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೆಯ ವರ್ಷ ಕೊಡಬೇಕೇ ಎಂಬುದನ್ನು ತಂಡ ಮೂರನೆಯ ಸೀಸನ್ ಮುಗಿದ ಮೇಲಿನ ಮೇ ತಿಂಗಳ ಹೊತ್ತಿಗೇ ತೀರ್ಮಾನಿಸಬೇಕು. ಅದೇ ಒಪ್ಪಂದ, ಆಟಗಾರರ ಆರೋಗ್ಯದ ದೃಷ್ಟಿಯಿಂದ, ಪೂರ್ಣ ಕವಚ ತೊಟ್ಟು ಮಾಡುವ ಅಭ್ಯಾಸವನ್ನು ಸೀಸನ್ನಿಗೆ 14 ದಿನಗಳಿಗೆ ಇಳಿಸಿತು. ಅದು ಬೇಕಾಗಿದ್ದ ಸುಧಾರಣೆ. ಆದರೆ ಲೈನ್‌ಮನ್‌ನ ಕಸುಬು ಮೈಗೆ ಮೈ ತಾಗಿಸಿಯೇ ಕಲಿಯಬೇಕಾದದ್ದು. ಕಲಿಯುವ ದಿನಗಳು ಕಡಿಮೆಯಾದಾಗ ಕಾಯುವ ದಿನಗಳು ಹೆಚ್ಚಬೇಕಿತ್ತು.

2022ರಲ್ಲಿ ಮೊದಲ ಆಯ್ಕೆಯಾದ ಟ್ರೆವಾನ್ ವಾಕರ್ ಕಾಲೇಜಿನ ಮೂರು ವರ್ಷಗಳಲ್ಲಿ ಪಡೆದಿದ್ದದ್ದು 9.5 ಸ್ಯಾಕ್. ಜಾರ್ಜಿಯಾ ತಂಡದಲ್ಲಿ ಅವರ ಕೆಲಸ ಬೇರೆಯಿತ್ತು. ಮೊದಲ ವರ್ಷ ಅವರಿಗೆ 3.5, ಎರಡನೆಯ ಆಯ್ಕೆ ಏಡನ್ ಹಚಿನ್‌ಸನ್ ಅವರಿಗೆ 9.5. ಹೋಲಿಕೆಯ ಗದ್ದಲ ಎದ್ದಿತು. ಮುಂದಿನ ಎರಡು ವರ್ಷ ವಾಕರ್ 10 ಮತ್ತು 10.5 ಗಳಿಸಿದರು. ಹಚಿನ್‌ಸನ್ ಹೆಚ್ಚು ಸಿದ್ಧರಾಗಿ ಬಂದವರು, ವಾಕರ್ ಕಲಿಯುತ್ತ ಬಂದವರು.

ಕಾದ ತಂಡಕ್ಕೆ ಸಿಗುವ ಫಲವನ್ನು 2025ರ ಫೆಬ್ರವರಿಯ ಸೂಪರ್ ಬೌಲ್ ತೋರಿಸಿತು. ಈಗಲ್ಸ್ ಹೆಚ್ಚುವರಿ ಆಟಗಾರರನ್ನು ಒಮ್ಮೆಯೂ ನುಗ್ಗಿಸದೆ, ಮುಂದಿನ ನಾಲ್ವರಿಂದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಸಲ ಕೆಡವಿ 40–22ರಿಂದ ಗೆದ್ದಿತು. ಅದರಲ್ಲಿ 2.5 ಸ್ಯಾಕ್ ಜಾಶ್ ಸ್ವೆಟ್ ಅವರದು: 2018ರ ನಾಲ್ಕನೆಯ ಸುತ್ತಿನ ಆಯ್ಕೆ, ಶಾಲಾದಿನಗಳಲ್ಲೇ ಮೊಣಕಾಲು ತೀವ್ರವಾಗಿ ಗಾಯಗೊಂಡಿದ್ದವರು, ಮೊದಲ ಸೀಸನ್ನಿನಲ್ಲಿ ಒಂದೂ ಸ್ಯಾಕ್ ಪಡೆಯದವರು. ಇನ್ನೆರಡು ಮಿಲ್ಟನ್ ವಿಲಿಯಮ್ಸ್ ಅವರದು. ಯಾವ ಸೀಸನ್ನಿನಲ್ಲೂ ಐದಕ್ಕಿಂತ ಹೆಚ್ಚು ಸ್ಯಾಕ್ ಪಡೆದಿರದ ಈ ಮೂರನೆಯ ಸುತ್ತಿನ ಆಟಗಾರನಿಗೆ ಮರುತಿಂಗಳು ನ್ಯೂ ಇಂಗ್ಲೆಂಡ್ ತಂಡ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಕೊಟ್ಟಿತು. ಸ್ಯಾಕ್ ಮಾತ್ರ ಎಣಿಸುವ ಕಣ್ಣಿಗೆ ಆ ಬೆಲೆ ಅರ್ಥವಾಗುವುದಿಲ್ಲ.

ಯಾವುದನ್ನು ನೋಡಬೇಕು

ಈ ಚರಿತ್ರೆಯಿಂದ ನಾನು ಕಲಿತದ್ದು ಒಂದು ಕ್ರಮ. ಮೊದಲು ಕೇಳಬೇಕಾದದ್ದು, ತಂಡ ಅವನಿಗೆ ಯಾವ ಕೆಲಸ ಕೊಟ್ಟಿದೆ, ಎಷ್ಟು ಆಟಗಳಲ್ಲಿ ಇಳಿಸಿದೆ ಎಂದು. ಎರಡನೆಯದು ಕಸುಬಿನ ಗುರುತುಗಳು: ಚೆಂಡು ಚಲಿಸಿದೊಡನೆ ಎದ್ದನೇ, ಭುಜ ತಗ್ಗಿಸಿ ನುಗ್ಗುತ್ತಾನೇ, ಎದುರಾಳಿಯ ಕೈಯನ್ನು ತನ್ನ ಕೈಯಿಂದ ಬಿಡಿಸುತ್ತಾನೇ, ಮೊದಲ ಪಟ್ಟು ಕೆಟ್ಟಾಗ ಎರಡನೆಯ ಪಟ್ಟು ಇದೆಯೇ, ನಾಲ್ಕನೆಯ ಕ್ವಾರ್ಟರ್‌ನಲ್ಲೂ ಮೊದಲಿನ ಚುರುಕು ಉಳಿದಿದೆಯೇ. ಇವು ಮೊದಲ ವರ್ಷಕ್ಕಿಂತ ಎರಡನೆಯ ವರ್ಷ, ಎರಡಕ್ಕಿಂತ ಮೂರನೆಯ ವರ್ಷ ಮೇಲಾಗಿದ್ದರೆ ಅವನು ಬೆಳೆಯುತ್ತಿದ್ದಾನೆ. ಪ್ರೆಷರ್ ಮತ್ತು ಗೆಲುವಿನ ಪ್ರಮಾಣ ಇದಕ್ಕೆ ಸಾಕ್ಷಿ ಹೇಳಬೇಕು. ಸ್ಯಾಕ್ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ.

ಎಲ್ಲರೂ ಬೆಳೆಯುವುದಿಲ್ಲ. ಮೂರು ವರ್ಷದ ನಂತರವೂ ಒಂದೇ ಪಟ್ಟು ಹಿಡಿದು, ಒಬ್ಬನೇ ತಡೆಗಾರನಿಗೆ ಸೋಲುತ್ತಿದ್ದರೆ ಹಾಗೆಂದು ಹೇಳುವುದೂ ಪ್ರಾಮಾಣಿಕತೆ. ಆದರೆ ಆ ಮಾತು ಪೂರ್ತಿ ನೋಡಿದ ಮೇಲೆ ಬರಬೇಕು. ಹಿಂದಿನವರಿಗೆ ನೋಡುವ ಸಾಧನವಿರಲಿಲ್ಲ, ಆದ್ದರಿಂದ ಅವರ ಅವಸರವನ್ನು ಕ್ಷಮಿಸಬಹುದು. ಇಂದು ಪ್ರತಿ ಹೆಜ್ಜೆಯೂ ದಾಖಲಾಗುತ್ತಿದೆ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಒಂದೇ ಸೀಸನ್ನಿನ ಸ್ಯಾಕ್ ಎಣಿಸಿ ಎಳೆಯ ಆಟಗಾರನಿಗೆ ‘ವಿಫಲ’ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ತಂಡದ ದೃಷ್ಟಿಯಿಂದ ನೋಡಿದರೂ ನಷ್ಟದ ವ್ಯಾಪಾರ.